ಆಸ್ಟ್ರೇಲಿಯಾದ ವಿಶ್ವವಿದ್ಯಾಲಯಕ್ಕೆ ನೇರ ಏಜೆಂಟ್ ಆಗಬೇಕಾದರೆ ಏನೇನು ನೋಡುತ್ತಾರೆ?

ಧಾರವಾಡ ಕೌನ್ಸೆಲರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ನಮ್ಮದು ಮೂರು ಜನರ ಸಣ್ಣ ಕನ್ಸಲ್ಟೆನ್ಸಿ. ಸದ್ಯ ಬೆಂಗಳೂರಿನ ಒಂದು ದೊಡ್ಡ ಏಜೆನ್ಸಿಯ ಕೆಳಗೆ ಸಬ್ ಏಜೆಂಟ್ ಆಗಿ ಆಸ್ಟ್ರೇಲಿಯಾಕ್ಕೆ ಅರ್ಜಿ ಕಳಿಸುತ್ತಿದ್ದೇವೆ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ವಿಟಿಯು ಎಂಜಿನಿಯರಿಂಗ್ ಮುಗಿಸಿ ಎಂ.ಎಸ್.ಗೆ ಹೋಗುವವರು. ವಿಶ್ವವಿದ್ಯಾಲಯದ ಜೊತೆ ನೇರ ಒಪ್ಪಂದ ಮಾಡಿಕೊಳ್ಳಬೇಕೆಂದಿದ್ದೇವೆ.

ಅರ್ಜಿ ಹಾಕಿದ ಮೇಲೆ ಅವರು ಏನನ್ನು ಪರಿಶೀಲಿಸುತ್ತಾರೆ? ಒಪ್ಪಂದದಲ್ಲಿ ಯಾವ ಷರತ್ತುಗಳನ್ನು ಕಣ್ಣಿಟ್ಟು ಓದಬೇಕು? ಸಹಿ ಆದ ಮೇಲೆ ನಮ್ಮ ಮೇಲೆ ನಿಗಾ ಹೇಗಿರುತ್ತದೆ, ಯಾವ ಕಾರಣಕ್ಕೆ ಕಿತ್ತು ಹಾಕುತ್ತಾರೆ? ಕಮಿಷನ್ ಕೈಗೆ ಬರುವುದು ಯಾವಾಗ? ಒಳಗಿನ ಕೆಲಸ ಬಲ್ಲವರು ದಯವಿಟ್ಟು ತಿಳಿಸಿ.

---

ಅಡ್ಮಿಷನ್ ಡೆಸ್ಕ್, ಮೆಲ್ಬರ್ನ್:

ನಮಸ್ಕಾರ ಸರ್. ಏಜೆಂಟ್ ನಿರ್ವಹಣೆ ನನ್ನ ದಿನನಿತ್ಯದ ಕೆಲಸ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಕಾನೂನು ತಿಳಿದಿರಲಿ. ಇಲ್ಲಿ ವಿದೇಶಿ ವಿದ್ಯಾರ್ಥಿಗಳ ವಿಷಯವನ್ನೆಲ್ಲ 2000ದ ಈಸಾಸ್ ಕಾಯ್ದೆ ನೋಡಿಕೊಳ್ಳುತ್ತದೆ. ಅದರ ಕೆಳಗೆ 2018ರ ನ್ಯಾಷನಲ್ ಕೋಡ್ ಇದೆ. ಏಜೆಂಟರ ಬಗ್ಗೆ ಹೇಳುವುದು ಅದರ 4ನೇ ಸ್ಟ್ಯಾಂಡರ್ಡ್. ಸರ್ಕಾರ ಏಜೆಂಟರಿಗೆ ಲೈಸೆನ್ಸ್ ಕೊಡುವುದಿಲ್ಲ. ಏಜೆಂಟ್ ಏನು ಮಾಡಿದರೂ ವಿಶ್ವವಿದ್ಯಾಲಯವನ್ನೇ ಹಿಡಿದು ಕೇಳುತ್ತದೆ. ನಿಮ್ಮ ತಪ್ಪಿಗೆ ನಾವು ಉತ್ತರ ಕೊಡಬೇಕಾಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ನಾವು ಯಾಕೆ ಇಷ್ಟೆಲ್ಲ ಕಾಗದ ಕೇಳುತ್ತೇವೆ ಎನ್ನುವುದು ಅರ್ಥವಾಗುತ್ತದೆ.

ಅರ್ಜಿಯ ಜೊತೆ ಕೇಳುವುದು: ಸಂಸ್ಥೆಯ ನೋಂದಣಿ, ಪ್ಯಾನ್, ಜಿಎಸ್‌ಟಿ, ಮಾಲೀಕರ ವಿವರ, ಸಂಸ್ಥೆಯ ಹೆಸರಿನಲ್ಲೇ ಇರುವ ಬ್ಯಾಂಕ್ ಖಾತೆ, ಕಚೇರಿಯ ವಿಳಾಸ ಮತ್ತು ಫೋಟೊ, ಸಿಬ್ಬಂದಿಯ ಪಟ್ಟಿ, ಯಾರ್ಯಾರು ತರಬೇತಿ ಪಡೆದಿದ್ದಾರೆ, ಈಗ ಯಾವ್ಯಾವ ಸಂಸ್ಥೆಗಳಿಗೆ ವಿದ್ಯಾರ್ಥಿಗಳನ್ನು ಕಳಿಸುತ್ತೀರಿ, ಕಳೆದ ಎರಡು ಮೂರು ವರ್ಷದ ಅರ್ಜಿ–ವೀಸಾ ಲೆಕ್ಕ, ನಿಮ್ಮ ಜಾಹೀರಾತಿನ ಮಾದರಿ, ವಿದ್ಯಾರ್ಥಿಯಿಂದ ಶುಲ್ಕ ತಗೊಳ್ಳುತ್ತೀರಾ, ತಗೊಂಡರೆ ಎಷ್ಟು. ಇದರ ಜೊತೆಗೆ ಎರಡು ಅಥವಾ ಮೂರು ರೆಫರೆನ್ಸ್. ಸಬ್ ಏಜೆಂಟ್‌ಗಳು ಎಡವುವುದು ಇಲ್ಲೇ. ನಿಮ್ಮ ಹೆಸರಲ್ಲಿ ಒಂದು ಅರ್ಜಿಯೂ ದಾಖಲಾಗಿಲ್ಲ, ಎಲ್ಲವೂ ಬೆಂಗಳೂರಿನ ಮುಖ್ಯ ಏಜೆನ್ಸಿಯ ಹೆಸರಿನಲ್ಲಿದೆ. ಹಾಗಾಗಿ ಮೊದಲು ಒಂದು ಸಣ್ಣ ಕಾಲೇಜಿನ ಅಥವಾ ಪಾತ್‌ವೇ ಸಂಸ್ಥೆಯ (ವಿಶ್ವವಿದ್ಯಾಲಯಕ್ಕೆ ಸೇರುವ ಮುಂಚಿನ ತಯಾರಿ ಕೋರ್ಸ್ ನಡೆಸುವವರು) ನೇರ ಒಪ್ಪಂದ ಹಿಡಿದು, ಅಲ್ಲಿಂದ ರೆಫರೆನ್ಸ್ ತರುವುದು ಸರಿಯಾದ ದಾರಿ.

ರೆಫರೆನ್ಸ್‌ಗೆ ನೀವು ಕೊಟ್ಟ ಜಿಮೇಲ್ ವಿಳಾಸಕ್ಕೆ ನಾವು ಬರೆಯುವುದಿಲ್ಲ. ಆ ಸಂಸ್ಥೆಯ ವೆಬ್‌ಸೈಟ್‌ನಲ್ಲಿರುವ ಅಧಿಕೃತ ವಿಳಾಸಕ್ಕೆ ಬರೆಯುತ್ತೇವೆ. ಆಮೇಲೆ ವಿಡಿಯೊ ಸಂದರ್ಶನ. ಅದರಲ್ಲಿ ಮಾಲೀಕರಿಗಿಂತ ಕೌನ್ಸೆಲರ್ ಮಾತಾಡಬೇಕು. ಎರಡು ಸೆಮಿಸ್ಟರ್ ಬ್ಯಾಕ್‌ಲಾಗ್ ಇರುವ, ನಾಲ್ಕು ವರ್ಷ ಗ್ಯಾಪ್ ಇರುವ ಹುಡುಗನಿಗೆ ಏನು ಹೇಳುತ್ತೀರಿ ಎಂಬಂಥ ಪ್ರಶ್ನೆ ಇರುತ್ತದೆ. "ಅಡ್ಮಿಷನ್ ಮಾಡಿಸಿಕೊಡುತ್ತೇವೆ" ಎಂದರೆ ಅಂಕ ಹೋಯಿತು. ಎಲ್ಲ ಸರಿಯಾದರೆ ಸಾಮಾನ್ಯವಾಗಿ ಮೊದಲ ಒಪ್ಪಂದ ಒಂದು ವರ್ಷಕ್ಕೆ, ಆಮೇಲೆ ಎರಡು ಅಥವಾ ಮೂರು ವರ್ಷಕ್ಕೆ.

ಒಪ್ಪಂದ ಲಿಖಿತವಾಗಿಯೇ ಇರಬೇಕು. ನಮ್ಮ ಹೊಣೆ ಏನು, ನಿಮ್ಮ ಹೊಣೆ ಏನು, ನಿಗಾ ಹೇಗೆ, ತಪ್ಪಾದರೆ ತಿದ್ದುವ ಕ್ರಮ ಏನು, ಯಾವಾಗ ರದ್ದು, ನಿಮ್ಮ ಬಗೆಗಿನ ಮಾಹಿತಿಯನ್ನು ಯಾರ ಜೊತೆ ಹಂಚಿಕೊಳ್ಳಬಹುದು ಎಂಬುದೆಲ್ಲ ಅದರಲ್ಲಿರಲೇಬೇಕು. ಕೊನೆಯದನ್ನು ಹಲವರು ಓದುವುದೇ ಇಲ್ಲ. ಸಹಿ ಹಾಕಿದ ಮೇಲೆ ನಿಮ್ಮ ವಿವರ ಪ್ರಿಸಮ್ಸ್ ಎಂಬ ಸರ್ಕಾರಿ ದತ್ತಾಂಶ ವ್ಯವಸ್ಥೆಗೆ ಹೋಗುತ್ತದೆ. ವಿದ್ಯಾರ್ಥಿಯ ಸಿಒಇ (ವೀಸಾಕ್ಕೆ ಬೇಕಾದ ದಾಖಲಾತಿ ದೃಢೀಕರಣ ಪತ್ರ) ತಯಾರಾಗುವುದು ಅಲ್ಲೇ, ಸಿಒಇಗೆ ಏಜೆಂಟ್ ಹೆಸರು ಅಂಟುವುದೂ ಅಲ್ಲೇ. ನಿಮ್ಮ ಹೆಸರಿನ ಕೆಳಗೆ ಎಷ್ಟು ವೀಸಾ ತಿರಸ್ಕೃತವಾಯಿತು, ಎಷ್ಟು ಜನ ಕೋರ್ಸ್ ಬಿಟ್ಟರು ಎಂಬುದು ವರ್ಷಗಟ್ಟಲೆ ಉಳಿಯುತ್ತದೆ. ಇದಲ್ಲದೆ ಏಜೆಂಟರ ಪಟ್ಟಿಯನ್ನು ವಿಶ್ವವಿದ್ಯಾಲಯ ತನ್ನ ವೆಬ್‌ಸೈಟ್‌ನಲ್ಲಿ ಹಾಕಲೇಬೇಕು. ಪಾಲಕರು ನಿಮ್ಮ ಬಗ್ಗೆ ವಿಚಾರಿಸುವಾಗ ಆ ಪಟ್ಟಿಯನ್ನೇ ತೋರಿಸಿ.

ಇನ್ನು ನಿಗಾ. ಪ್ರತಿ ಏಜೆಂಟ್‌ಗೂ ಒಂದು ಪುಟದ ಲೆಕ್ಕ ಇರುತ್ತದೆ: ಬಂದ ಅರ್ಜಿ, ಪೂರ್ತಿ ದಾಖಲೆ ಇದ್ದ ಅರ್ಜಿ, ಆಫರ್, ಸಿಒಇ, ವೀಸಾ, ನಿಜವಾಗಿ ಬಂದು ಸೇರಿದವರು, ಮೊದಲ ಸೆಮಿಸ್ಟರ್ ಪಾಸಾದವರು, ಆರು ತಿಂಗಳೊಳಗೆ ಬೇರೆಡೆ ಹೋಗಲು ಬಿಡುಗಡೆ ಕೇಳಿದವರು. ಸಣ್ಣ ಏಜೆಂಟರಿಗೆ ಇಲ್ಲಿ ಒಂದು ಕಷ್ಟವಿದೆ. ಇಪ್ಪತ್ತು ಜನರಲ್ಲಿ ಮೂವರ ವೀಸಾ ಹೋದರೆ ಶೇ. 15 ಆಗಿಬಿಟ್ಟಿತು. ಆದ್ದರಿಂದ ಅನುಮಾನ ಇರುವ ಫೈಲನ್ನು ಕಳಿಸದೆ ಇರುವುದೇ ನಿಮ್ಮ ರಕ್ಷಣೆ. ಹತ್ತು ಗಟ್ಟಿ ಫೈಲ್ ಕಳಿಸುವ ಧಾರವಾಡದವರನ್ನು ಇನ್ನೂರು ಜೊಳ್ಳು ಫೈಲ್ ಕಳಿಸುವವರಿಗಿಂತ ನಾವು ಖಂಡಿತ ಮೇಲೆ ಇಡುತ್ತೇವೆ.

ಹಗರಣ ಬಯಲಾಗುವುದು ಬಹಳ ಸಣ್ಣ ಸುಳಿವಿನಿಂದ. ಬೇರೆ ಬೇರೆ ಊರಿನ ಆರು ವಿದ್ಯಾರ್ಥಿಗಳು ಈ ಕೋರ್ಸ್ ಯಾಕೆ ಬೇಕೆಂದು ಬರೆದ ಸ್ಟೇಟ್‌ಮೆಂಟ್‌ನಲ್ಲಿ ಕೋರ್ಸಿನ ಹೆಸರಿಗೆ ಒಂದೇ ಕಾಗುಣಿತ ತಪ್ಪು. ಹೆಸರಿನ ಹಿಂದೆ ಒಂದೇ ಅಂಕಿಸರಣಿ ಇರುವ, ಒಂದೇ ವಾರದಲ್ಲಿ ತೆರೆದ ಹತ್ತು ಇಮೇಲ್ ವಿಳಾಸ. ವಿದ್ಯಾರ್ಥಿಯ ಫೋನ್ ನಂಬರ್ ಜಾಗದಲ್ಲಿ ಏಜೆಂಟರದೇ ನಂಬರ್. ಬ್ಯಾಂಕಿನ ಪತ್ರದಲ್ಲಿ ಶಾಖೆಯ ಐಎಫ್‌ಎಸ್‌ಸಿ ಒಂದು ಊರಿನದು, ಸೀಲು ಇನ್ನೊಂದು ಊರಿನದು. ಇಂಥವು ಕಂಡರೆ ಆ ಏಜೆಂಟ್ ಕಳಿಸಿದ ಹಿಂದಿನ ಫೈಲುಗಳನ್ನೂ ತೆಗೆದು ನೋಡುತ್ತೇವೆ. ಅಂಕಪಟ್ಟಿಗೆ ಡಿಜಿಲಾಕರ್ ಪ್ರತಿ ಅಥವಾ ವಿಶ್ವವಿದ್ಯಾಲಯದಿಂದಲೇ ನೇರ ದೃಢೀಕರಣ, ಸಾಲ ಮಂಜೂರಾತಿಗೆ ಬ್ಯಾಂಕ್ ಶಾಖೆಯ ಅಧಿಕೃತ ಇಮೇಲ್‌ನಿಂದ ಉತ್ತರ. ಇದನ್ನು ನೀವೇ ಮೊದಲು ಮಾಡಿಸಿ ಕಳಿಸಿದರೆ ನಿಮ್ಮ ಫೈಲ್ ಮುಂದೆ ಓಡುತ್ತದೆ.

ಕ್ರಮದ ವಿಷಯ. ಸಣ್ಣ ತಪ್ಪಿಗೆ ಲಿಖಿತ ಎಚ್ಚರಿಕೆ, ಮರು ತರಬೇತಿ, ಕೆಲವು ತಿಂಗಳು ಹೊಸ ಅರ್ಜಿ ಬಂದ್. ಆದರೆ ಸುಳ್ಳು ಅಥವಾ ದಾರಿ ತಪ್ಪಿಸುವ ನೇಮಕಾತಿ ಎಂದು ಗೊತ್ತಾದರೆ ಕೋಡ್ ಪ್ರಕಾರ ಸಂಬಂಧವನ್ನು ತಕ್ಷಣ ಕಡಿದುಕೊಳ್ಳಲೇಬೇಕು. ತಪ್ಪು ಸಿಬ್ಬಂದಿಯದೋ ಸಬ್ ಏಜೆಂಟ್‌ನದೋ ಆಗಿದ್ದರೆ ಅವರನ್ನು ತೆಗೆಯುವಂತೆ ನಿಮಗೆ ಹೇಳಬೇಕು. ವಿದ್ಯಾರ್ಥಿ ವೀಸಾ ಷರತ್ತು ಪಾಲಿಸುವುದಿಲ್ಲ ಎಂದು ಗೊತ್ತಿದ್ದೂ ಸೇರಿಸುವ, ಅಧಿಕಾರವಿಲ್ಲದೆ ವಲಸೆ ಸಲಹೆ ಕೊಡುವ ಏಜೆಂಟ್ ಎಂಬ ಅನುಮಾನ ಸಕಾರಣವಾಗಿದ್ದರೆ ಅವರಿಂದ ವಿದ್ಯಾರ್ಥಿಗಳನ್ನು ತಗೊಳ್ಳುವಂತಿಲ್ಲ. ನಿಮ್ಮ ಕಚೇರಿಯ ಬೋರ್ಡಿನಲ್ಲಿ "ಪಿಆರ್ ಗ್ಯಾರಂಟಿ" (ಕಾಯಂ ವಾಸದ ಅನುಮತಿ ಖಚಿತ) ಎಂದೇನಾದರೂ ಇದ್ದರೆ ಇವತ್ತೇ ತೆಗೆಸಿ.

---

ಲೆಕ್ಕದ ಪುಸ್ತಕ:

ಮೇಲಿನವರು ಕಮಿಷನ್ ವಿಷಯ ಬಿಟ್ಟಿದ್ದಾರೆ, ಅದನ್ನು ನಾನು ಹೇಳುತ್ತೇನೆ.

ಸಾಮಾನ್ಯವಾಗಿ ಮೊದಲ ವರ್ಷದ ಬೋಧನಾ ಶುಲ್ಕದ ಶೇ. 10ರಿಂದ 20. ಪಾತ್‌ವೇ, ಇಂಗ್ಲಿಷ್ ಕೋರ್ಸುಗಳಿಗೆ ಇನ್ನೂ ಜಾಸ್ತಿ. ವಿದ್ಯಾರ್ಥಿವೇತನ ಕಳೆದು ಉಳಿದ ಶುಲ್ಕದ ಮೇಲೋ ಪೂರ್ತಿ ಶುಲ್ಕದ ಮೇಲೋ ಎಂಬುದನ್ನು ಒಪ್ಪಂದದಲ್ಲಿ ಹುಡುಕಿ ಓದಿ. ಬಹಳ ಕಡೆ ಕಳೆದ ಮೇಲೆಯೇ. ದುಡ್ಡು ವೀಸಾ ಬಂದ ತಕ್ಷಣ ಬರುವುದಿಲ್ಲ. ಸೆಮಿಸ್ಟರ್ ಶುರುವಾಗಿ ಸೆನ್ಸಸ್ ಡೇಟ್ ಎಂಬ ದಿನ ಕಳೆಯಬೇಕು. ಅದು ಆ ಅವಧಿಯ ಕನಿಷ್ಠ ಐದನೇ ಒಂದು ಭಾಗ ಮುಗಿದ ಮೇಲಿನ ದಿನಾಂಕ. ಆಮೇಲೆ ವಿಶ್ವವಿದ್ಯಾಲಯ ಪಟ್ಟಿ ಕಳಿಸುತ್ತದೆ, ನೀವು ತಾಳೆ ನೋಡಿ ಇನ್‌ವಾಯ್ಸ್ ಹಾಕುತ್ತೀರಿ. ಫೆಬ್ರವರಿ ಇನ್‌ಟೇಕಿನ ಹಣ ಮೇ, ಜೂನ್‌ಗಿಂತ ಮೊದಲು ಖಾತೆಗೆ ಬರುತ್ತದೆಂದು ಬಾಡಿಗೆ–ಸಂಬಳದ ಲೆಕ್ಕ ಹಾಕಬೇಡಿ. ಅರ್ಜಿ ಹಾಕಿಸುವುದು ಅದಕ್ಕೂ ಆರೆಂಟು ತಿಂಗಳು ಮೊದಲು. ಅಂದರೆ ಸುಮಾರು ಒಂದು ವರ್ಷ ಕೈಯಿಂದ ನಡೆಸುವ ಬಂಡವಾಳ ಬೇಕು. ಸಣ್ಣ ಕಚೇರಿಗಳು ಮುಳುಗುವುದು ವಿದ್ಯಾರ್ಥಿಗಳು ಇಲ್ಲದೆ ಅಲ್ಲ, ಈ ಅಂತರದಿಂದ. ವಿದ್ಯಾರ್ಥಿಗೆ ಶುಲ್ಕ ವಾಪಸ್ ಆದರೆ ನಿಮ್ಮ ಕಮಿಷನ್ ಕೂಡ ವಾಪಸ್ ಕಡಿತ.

ಇನ್ನೊಂದು, ಜಿಎಸ್‌ಟಿ. ಗ್ರಾಹಕ ವಿದೇಶದಲ್ಲಿದ್ದಾನೆ, ಡಾಲರ್‌ನಲ್ಲಿ ಹಣ ಬರುತ್ತದೆ, ಹಾಗಾಗಿ ರಫ್ತು, ತೆರಿಗೆ ಇಲ್ಲ ಎಂದುಕೊಳ್ಳುವವರೇ ಹೆಚ್ಚು. ಆದರೆ ಐಜಿಎಸ್‌ಟಿ ಕಾಯ್ದೆಯ 13(8)(ಬಿ) ಕಲಮಿನ ಆಧಾರದ ಮೇಲೆ ಏಜೆಂಟರನ್ನು ಮಧ್ಯವರ್ತಿ ಎಂದು ಕರೆದು, ಸೇವೆ ಭಾರತದಲ್ಲೇ ನಡೆದದ್ದು ಎಂದು ಹೇಳಿ ಶೇ. 18 ಕೇಳಿದ ನೋಟಿಸುಗಳು ಎಷ್ಟೋ. ಜಿಎಸ್‌ಟಿ ಕೌನ್ಸಿಲ್ 2025ರ ಸೆಪ್ಟೆಂಬರ್ ಸಭೆಯಲ್ಲಿ ಆ ಕಲಂ ತೆಗೆಯಲು ಶಿಫಾರಸು ಮಾಡಿತು. ಹಳೆಯ ವರ್ಷಗಳ ಇನ್‌ವಾಯ್ಸ್‌ಗಳ ಸ್ಥಿತಿ ಏನು ಎಂಬುದನ್ನು ನಿಮ್ಮ ಸಿಎ ಹತ್ತಿರ ಲಿಖಿತವಾಗಿ ಪಡೆದುಕೊಳ್ಳಿ. ಪ್ರತಿ ರವಾನೆಗೂ ಬ್ಯಾಂಕಿನಿಂದ ಎಫ್‌ಐಆರ್‌ಸಿ (ವಿದೇಶದಿಂದ ಹಣ ಬಂದ ಪ್ರಮಾಣಪತ್ರ) ತೆಗೆದಿಡಿ.

---

ಜಯನಗರ ನಾಲ್ಕನೇ ಬ್ಲಾಕ್:

ಅಡ್ಮಿಷನ್ ಡೆಸ್ಕ್ ಅವರ ಮಾತಿಗೆ ಎರಡು ಸೇರಿಸಬೇಕು, ಒಂದಕ್ಕೆ ನನ್ನ ತಕರಾರಿದೆ.

ತರಬೇತಿ: ಪಿಯರ್ ಎಂಬ ಸಂಸ್ಥೆಯ ಇಎಟಿಸಿ ಎಂಬ ಏಜೆಂಟ್ ತರಬೇತಿ ಕೋರ್ಸ್ ಆನ್‌ಲೈನ್‌ನಲ್ಲಿದೆ. ಪರೀಕ್ಷೆ ಪಾಸಾದರೆ ಅರ್ಹ ಕೌನ್ಸೆಲರ್ ಎಂಬುದಕ್ಕೆ ಕ್ಯುಇಎಸಿ ನಂಬರ್ ಸಿಗುತ್ತದೆ. ನಿಮ್ಮ ಮೂವರಲ್ಲಿ ಇಬ್ಬರಾದರೂ ಮಾಡಿ. ನಂಬರ್ ವ್ಯಕ್ತಿಗೆ ಸೇರಿದ್ದು, ಕಚೇರಿಗಲ್ಲ. ಆ ಕೌನ್ಸೆಲರ್ ಕೆಲಸ ಬಿಟ್ಟರೆ ನಂಬರೂ ಹೋಯಿತು, ಅದನ್ನು ಬೋರ್ಡಿನಲ್ಲಿ ಉಳಿಸಿಕೊಂಡರೆ ಅದೇ ಸುಳ್ಳು ಜಾಹೀರಾತು.

ಬ್ರಿಟನ್ನಿಗೂ ಕಳಿಸುವ ಯೋಚನೆ ಇದ್ದರೆ, ಅಲ್ಲಿ ದಾರಿ ಬೇರೆ, ಹಿಡಿತ ಅದೇ. ಅಲ್ಲಿ ಏಜೆಂಟ್ ಕ್ವಾಲಿಟಿ ಫ್ರೇಮ್‌ವರ್ಕ್ ಇದೆ, ಬ್ರಿಟಿಷ್ ಕೌನ್ಸಿಲ್‌ನ ತರಬೇತಿ ಇದೆ. ವಿಶ್ವವಿದ್ಯಾಲಯಕ್ಕೆ ವೀಸಾ ತಿರಸ್ಕಾರ ಶೇ. 10ಕ್ಕಿಂತ ಕಡಿಮೆ ಇರಬೇಕು, ಸೇರಿದವರು ಕನಿಷ್ಠ ಶೇ. 90, ಕೋರ್ಸ್ ಮುಗಿಸಿದವರು ಕನಿಷ್ಠ ಶೇ. 85 ಎಂಬ ಅಳತೆ ಇತ್ತು. ಬ್ರಿಟನ್ ಸರ್ಕಾರದ 2025ರ ಮೇ ತಿಂಗಳ ಶ್ವೇತಪತ್ರ ಮೂರನ್ನೂ ಐದೈದು ಅಂಶ ಬಿಗಿ ಮಾಡುವುದಾಗಿ ಹೇಳಿತು. ಅಳತೆ ತಪ್ಪಿದರೆ ವಿದೇಶಿ ವಿದ್ಯಾರ್ಥಿಗಳನ್ನು ತಗೊಳ್ಳಲು ಬೇಕಾದ ಪ್ರಾಯೋಜಕತ್ವದ ಪರವಾನಗಿಗೇ ಕುತ್ತು. ಅದಕ್ಕೇ ಈಗ ಆಫರ್ ಕೊಟ್ಟ ಮೇಲೂ ಸಿಎಎಸ್ (ವೀಸಾಕ್ಕೆ ಬೇಕಾದ ಅಲ್ಲಿನ ದೃಢೀಕರಣ) ಕೊಡುವ ಮುಂಚೆ ಅವರು ಸಂದರ್ಶನ ಮಾಡುತ್ತಾರೆ.

ಇನ್ನು ತಕರಾರು. ಎಲ್ಲ ಹೊಣೆ ಏಜೆಂಟ್ ಮೇಲೆ ಹಾಕುವ ವಿಶ್ವವಿದ್ಯಾಲಯಗಳೇ ಒಂದು ಕಡೆ ಗುರಿ ನಿಗದಿ ಮಾಡಿ, ಇಷ್ಟು ಜನ ದಾಟಿದರೆ ಬೋನಸ್ ಎನ್ನುತ್ತವೆ. ಜೊಳ್ಳು ಫೈಲ್ ಹುಟ್ಟುವುದು ಆ ಬೋನಸ್‌ನಿಂದ. 2023ರಲ್ಲಿ ಆಸ್ಟ್ರೇಲಿಯಾದ ಕೆಲವು ವಿಶ್ವವಿದ್ಯಾಲಯಗಳು ಪಂಜಾಬ್, ಹರಿಯಾಣ, ಗುಜರಾತ್, ಉತ್ತರ ಪ್ರದೇಶ ಮುಂತಾದ ರಾಜ್ಯಗಳ ಅರ್ಜಿಗಳನ್ನು ರಾಜ್ಯದ ಹೆಸರಿನಲ್ಲೇ ತಡೆದವು. ತಪ್ಪು ಮಾಡಿದ ಏಜೆಂಟ್ ಯಾರೆಂದು ತಮ್ಮ ದಾಖಲೆಯಲ್ಲೇ ಇದ್ದಾಗ ಪ್ರಾಮಾಣಿಕ ಹುಡುಗರಿಗೆ ಬಾಗಿಲು ಹಾಕಿದ್ದು ಅನ್ಯಾಯ. ಒಪ್ಪಂದದಲ್ಲಿ ಸಂಖ್ಯೆಯ ಗುರಿ ಇದ್ದರೆ ಅದನ್ನು ತೆಗೆಸಿ, ಇಲ್ಲವೇ ವೀಸಾ ಸಿಕ್ಕವರ ಪ್ರಮಾಣವನ್ನೇ ಅಳತೆ ಮಾಡಿ ಎಂದು ಕೇಳಿ. ಕೇಳಿದರೆ ಬದಲಿಸುವವರು ಇದ್ದಾರೆ.

---

ಅಡ್ಮಿಷನ್ ಡೆಸ್ಕ್, ಮೆಲ್ಬರ್ನ್:

ಬೋನಸ್ ಬಗ್ಗೆ ನಿಮ್ಮ ಮಾತು ಸರಿ, ಒಪ್ಪುತ್ತೇನೆ. 2025ರ ಕೊನೆಯಲ್ಲಿ ಸಂಸತ್ತು ಒಪ್ಪಿದ ಈಸಾಸ್ ತಿದ್ದುಪಡಿ ಏಜೆಂಟ್ ಎಂಬುದರ ವ್ಯಾಪ್ತಿಯನ್ನು ಹಿಗ್ಗಿಸಿ ಕಮಿಷನ್ ಲೆಕ್ಕವನ್ನೂ ಕಾನೂನಿನ ಕಣ್ಣಿಗೆ ತಂದಿತು. ಆಸ್ಟ್ರೇಲಿಯಾದೊಳಗೇ ಸಂಸ್ಥೆ ಬದಲಿಸುವ ವಿದ್ಯಾರ್ಥಿಗೆ ಕಮಿಷನ್ ಇರಬಾರದು ಎಂಬುದು ಸರ್ಕಾರದ ನಿಲುವು; ಆ ಆದಾಯವನ್ನು ಲೆಕ್ಕಕ್ಕೆ ಹಿಡಿಯಲೇಬೇಡಿ.

---

ಧಾರವಾಡ ಕೌನ್ಸೆಲರ್:

ಎಲ್ಲರಿಗೂ ತುಂಬ ಧನ್ಯವಾದ. ಇನ್ನೊಂದೇ ಪ್ರಶ್ನೆ. ಈಗ ಮುಖ್ಯ ಏಜೆನ್ಸಿಯ ಮೂಲಕ ಹಾಕಿರುವ ಅರ್ಜಿಗಳು ಕೆಲವು ನಡೆಯುತ್ತಿವೆ. ನೇರ ಒಪ್ಪಂದ ಆದರೆ ಆ ವಿದ್ಯಾರ್ಥಿಗಳನ್ನು ನಮ್ಮ ಹೆಸರಿಗೆ ಬದಲಿಸಿಕೊಳ್ಳಬಹುದೇ?

---

ಅಡ್ಮಿಷನ್ ಡೆಸ್ಕ್, ಮೆಲ್ಬರ್ನ್:

ಬೇಡ ಸರ್. ಏಜೆಂಟ್ ಬದಲಾವಣೆಗೆ ವಿದ್ಯಾರ್ಥಿಯೇ ತನ್ನ ಸ್ವಂತ ಇಮೇಲ್‌ನಿಂದ, ಸಹಿ ಮಾಡಿದ ಪತ್ರದ ಜೊತೆ ಕೇಳಬೇಕು. ಬಹಳ ಕಡೆ ಆಫರ್ ಒಪ್ಪಿಕೊಂಡ ಮೇಲೆ ಬದಲಾವಣೆಯೇ ಇಲ್ಲ. ಒಂದೇ ಕಚೇರಿಗೆ ಒಟ್ಟಿಗೆ ಐದಾರು ಬದಲಾವಣೆ ಪತ್ರ ಬಂದರೆ ಒಬ್ಬರು ಇನ್ನೊಬ್ಬರ ವಿದ್ಯಾರ್ಥಿಗಳನ್ನು ಸೆಳೆಯುತ್ತಿದ್ದಾರೆ ಎಂದೇ ನಾವು ಓದುತ್ತೇವೆ. ಹೊಸ ಒಪ್ಪಂದದ ಮೊದಲ ತಿಂಗಳಲ್ಲೇ ಆ ಗುರುತು ಬೀಳುವುದು ನಿಮಗೆ ಒಳ್ಳೆಯದಲ್ಲ. ನಡೆಯುತ್ತಿರುವ ಫೈಲುಗಳನ್ನು ಮುಖ್ಯ ಏಜೆನ್ಸಿಯ ಹೆಸರಲ್ಲೇ ಮುಗಿಸಿ, ನಿಮ್ಮ ಪಾಲು ಯಾವ ದಿನಾಂಕದವರೆಗೆ ಎಂದು ಅವರಿಂದ ಲಿಖಿತವಾಗಿ ಬರೆಸಿಕೊಳ್ಳಿ. ಅವರ ಜೊತೆಗಿನ ಒಪ್ಪಂದದಲ್ಲಿ ಬಿಟ್ಟು ಹೋದ ಮೇಲೆ ಇಷ್ಟು ತಿಂಗಳು ಅದೇ ವಿಶ್ವವಿದ್ಯಾಲಯಕ್ಕೆ ನೇರವಾಗಿ ಹೋಗುವಂತಿಲ್ಲ ಎಂಬ ಷರತ್ತು ಇದೆಯೇ ಎಂದು ನಮ್ಮ ಅರ್ಜಿ ತುಂಬುವ ಮೊದಲೇ ನೋಡಿಕೊಳ್ಳಿ. ನಮ್ಮ ಅರ್ಜಿಯಲ್ಲಿ ಹಿತಾಸಕ್ತಿ ಸಂಘರ್ಷದ ಘೋಷಣೆಗೆ ಒಂದು ಜಾಗ ಇರುತ್ತದೆ. ಈಗಿನ ಸಬ್ ಏಜೆಂಟ್ ಸಂಬಂಧವನ್ನು ಅಲ್ಲಿ ಮುಚ್ಚಿಡದೆ ಬರೆಯಿರಿ.