ಒಂದೇ ಅಪ್ಪ ಅಮ್ಮ, ಡಿಎನ್‌ಎ ಪಾಲು ಮಾತ್ರ ಬೇರೆ?

ಪ್ರಶ್ನೆ: ನಮ್ಮ ಅಮ್ಮನ ಅಮ್ಮ ಬೇರೆ ಜನಾಂಗದವರು. ನಾನೂ ತಂಗಿಯೂ ಡಿಎನ್‌ಎ ಪರೀಕ್ಷೆ ಮಾಡಿಸಿದೆವು. ಅಜ್ಜಿಯ ಪಾಲು ನನಗೆ ಶೇ. 19, ಅವಳಿಗೆ ಶೇ. 29. ಆದರೆ ಅಜ್ಜಿಯ ಗುಂಗುರು ಕೂದಲು ಬಂದಿರುವುದು ನನಗೆ! ‘ನಾವು ಸ್ವಂತ ಅಕ್ಕತಂಗಿ ಅಲ್ವಾ?’ ಅಂತ ಅವಳು ಅಳುತ್ತಿದ್ದಾಳೆ. ಏನು ಹೇಳಲಿ?

ಉತ್ತರ 1: ಧೈರ್ಯವಾಗಿ ಹೌದು ಅನ್ನಿ. ಮಗುವಿಗೆ ಅಮ್ಮನಿಂದ ಅರ್ಧ, ಅಪ್ಪನಿಂದ ಅರ್ಧ ಬರುತ್ತದೆ. ಆದರೆ ಅಮ್ಮ ಕೊಡುವ ಅರ್ಧದಲ್ಲಿ ಅಜ್ಜಿಯದೆಷ್ಟು, ಅಜ್ಜನದೆಷ್ಟು ಅನ್ನುವುದು ಪ್ರತಿ ಮಗುವಿಗೂ ಬೇರೆ. ಸರಾಸರಿ ಶೇ. 25, ಹೆಚ್ಚುಕಮ್ಮಿ ಆಗೇ ಆಗುತ್ತದೆ. ಕೂದಲು ನೋಡಿ ಪಾಲು ಅಳೆಯಲು ಆಗುವುದಿಲ್ಲ.

ಉತ್ತರ 2: ಜನಾಂಗದ ಶೇಕಡಾ ಬರೀ ಅಂದಾಜು. ಹೋಲಿಸುವ ಮಾದರಿಗಳು ಬದಲಾದರೆ ಅಂಕಿಯೂ ಬದಲಾಗುತ್ತದೆ. ಅದರ ಬದಲು ನಿಮ್ಮಿಬ್ಬರ ಡಿಎನ್‌ಎ ಒಂದಕ್ಕೊಂದು ಎಷ್ಟು ಹೊಂದುತ್ತದೆ ನೋಡಿ. ಒಡಹುಟ್ಟಿದವರಲ್ಲಿ ಸುಮಾರು ಶೇ. 50 ಇರುತ್ತದೆ.

ಪ್ರಶ್ನೆ ಕೇಳಿದವರು: ಶೇ. 51 ಇದೆ! ಈಗಲೇ ತಂಗಿಗೆ ಫೋನ್ ಮಾಡುತ್ತೇನೆ.