ಹಳೆ ಗೇಮ್ ಕೊಳ್ಳೋದು, ಮಾರೋದು, ಎಕ್ಸ್‌ಚೇಂಜ್ ಮಾಡೋದು: ಇವತ್ತು ಕೌಂಟರ್‌ನವರನ್ನು ಕೇಳಿ

ಅಡ್ಮಿನ್: ಹಾಬಿ ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಗೇಮ್ ವಿಭಾಗ ನೋಡಿಕೊಳ್ಳುವ ನಮ್ಮ ಸದಸ್ಯರು ಸಂಜೆ ಉತ್ತರ ಕೊಡ್ತಾರೆ. ಡಿಸ್ಕ್, ಕಾರ್ಟ್ರಿಜ್, ಕನ್ಸೋಲ್, ಏನಾದ್ರೂ ಕೇಳಿ. ಬೆಲೆ ವಿಚಾರಣೆ ಬೇಡ, ಜಾಹೀರಾತು ಬೇಡ.

ಗೇಮರ್ ಹಾಸನ: ಸರ್, ಪಿಎಸ್4 ಜಿಟಿಎ 5 ಡಿಸ್ಕ್ ಎಷ್ಟಕ್ಕೆ ತಗೋತೀರಾ?

ಕೌಂಟರ್: ಡಿಸ್ಕ್ ನೋಡದೆ ಬೆಲೆ ಹೇಳಲ್ಲ.

ಕುಡ್ಲ ಕಂಟ್ರೋಲರ್: ನಮಸ್ಕಾರ ಸರ್. ಭಾವ ದುಬೈಯಿಂದ ತಂದ ಪಿಎಸ್5 ಡಿಸ್ಕ್ ಉಂಟು. ಗೇಮ್ ಆಡ್ಲಿಕ್ಕೆ ಆಗ್ತದೆ. ಆದ್ರೆ ಇಲ್ಲಿಯ ಪ್ಲೇಸ್ಟೇಷನ್ ಆನ್‌ಲೈನ್ ಸ್ಟೋರಿನಲ್ಲಿ ದುಡ್ಡು ಕೊಟ್ಟು ತಗೊಂಡ ಡಿಎಲ್‌ಸಿ (ಗೇಮಿಗೆ ಸೇರಿಸುವ ಹೆಚ್ಚುವರಿ ಭಾಗ) ಗೇಮಿನ ಒಳಗೆ ಕಾಣುವುದೇ ಇಲ್ಲ. ಡಿಸ್ಕ್ ಹಾಳಾ?

ಕೌಂಟರ್: ಡಿಸ್ಕ್ ಸರಿ ಇದೆ. ಪಿಎಸ್4, ಪಿಎಸ್5 ಗೇಮ್‌ಗೆ ರೀಜನ್ ಬೀಗ ಇಲ್ಲ, ಯಾವ ದೇಶದ ಡಿಸ್ಕ್ ಆದ್ರೂ ಓಡುತ್ತೆ. ಡಿಎಲ್‌ಸಿ ಮಾತ್ರ ಡಿಸ್ಕಿನ ರೀಜನ್‌ಗೇ ಸೇರಿರಬೇಕು. ಡಿಸ್ಕ್ ಮೇಲೆ ಪಿಪಿಎಸ್ಎ ಅಂತ ಶುರುವಾಗಿ ಐದು ಅಂಕಿ ಇರುವ ಕೋಡ್ ಅಚ್ಚಾಗಿರುತ್ತೆ (ಪಿಎಸ್4 ಆದ್ರೆ ಸಿಯುಎಸ್ಎ). ಅದನ್ನು ಸ್ಟೋರಿನಲ್ಲಿರುವ ಅದೇ ಗೇಮಿನ ಕೋಡ್ ಜೊತೆ ಹೋಲಿಸಿ. ಭಾರತದ ಸ್ಟೋರ್ ಯುರೋಪ್ ಗುಂಪಿಗೆ ಸೇರಿದ್ದು, ಅಲ್ಲಿನ ಪೂರ್ತಿ ಕೋಡ್ ಇಪಿ ಅಂತ ಶುರುವಾಗುತ್ತೆ, ಪಿಪಿಎಸ್ಎ ನಂಬರ್ ಅದರ ಮಧ್ಯೆ ಬರುತ್ತೆ. ಅಮೆರಿಕದ್ದು ಯುಪಿ. ದುಬೈಯಲ್ಲಿ ಕೊಂಡ ಮಾತ್ರಕ್ಕೆ ಅದು ಆ ಕಡೆಯ ಡಿಸ್ಕೇ ಆಗಿರಬೇಕು ಅಂತ ಇಲ್ಲ, ಅಲ್ಲಿನ ಅಂಗಡಿಗಳಲ್ಲಿ ಅಮೆರಿಕದ ಸರಕೂ ಸಿಗುತ್ತೆ. ಕೋಡ್ ಬೇರೆ ಬಂದ್ರೆ ಡಿಸ್ಕ್ ಮಾರಿ ಇಲ್ಲಿನದ್ದು ತಗೊಳ್ಳಿ. ಮಾರುವಾಗ ರೀಜನ್ ಹೇಳಿಯೇ ಮಾರಿ.

ಶುಭೋದಯ ಬಳಗ: ಫಾರ್ವರ್ಡ್ ಮಾಡಲಾಗಿದೆ: ಗೀರು ಬಿದ್ದ ಸಿಡಿ ಎಸೆಯಬೇಡಿ!! ಬಿಳಿ ಟೂತ್‌ಪೇಸ್ಟ್ ಹಚ್ಚಿ 10 ನಿಮಿಷ ಬಿಟ್ಟು ಗುಂಡಗೆ ಉಜ್ಜಿ. ಬಾಳೆಹಣ್ಣಿನ ಸಿಪ್ಪೆಯಿಂದಲೂ ಆಗುತ್ತದೆ. ಎಲ್ಲ ಗುಂಪಿಗೂ ಕಳಿಸಿ 🙏

ಕೌಂಟರ್: ದಯವಿಟ್ಟು ಯಾವ ಗುಂಪಿಗೂ ಕಳಿಸಬೇಡಿ. ಸಿಡಿ, ಡಿವಿಡಿ, ಬ್ಲೂ-ರೇ, ಮೂರೂ ಬಗೆಯ ಡಿಸ್ಕ್ ದಪ್ಪ 1.2 ಮಿಮೀ. ಸಿಡಿಯಲ್ಲಿ ಡೇಟಾ ಲೇಬಲ್‌ನ ಕೆಳಗೇ ಇರುತ್ತೆ, ಡಿವಿಡಿಯಲ್ಲಿ ಮಧ್ಯೆ, 0.6 ಮಿಮೀ ಆಳದಲ್ಲಿ. ಪಿಎಸ್4, ಪಿಎಸ್5 ಡಿಸ್ಕ್ ಬ್ಲೂ-ರೇ, ಅದರಲ್ಲಿ ಡೇಟಾ ಹೊಳೆಯುವ ಕಡೆಯಿಂದ ಬರೀ 0.1 ಮಿಮೀ ಒಳಗೆ. ಅದಕ್ಕೇ ಮೇಲೆ ಗಟ್ಟಿ ಲೇಪ ಕೊಟ್ಟಿರ್ತಾರೆ. ಟೂತ್‌ಪೇಸ್ಟ್ ಅಂದ್ರೆ ಸಣ್ಣ ಮರಳು ಇದ್ದ ಹಾಗೆ, ಉಜ್ಜಿದಷ್ಟೂ ಆ ಲೇಪ ಸವೆಯುತ್ತೆ. ಪಿಎಸ್2, ಎಕ್ಸ್‌ಬಾಕ್ಸ್ 360 ಡಿಸ್ಕನ್ನು ಬಫಿಂಗ್ ಮಷಿನ್‌ನಲ್ಲಿ ಒಂದು ಪದರ ತೆಗೆದು ಉಳಿಸಬಹುದು, ಬ್ಲೂ-ರೇಯಲ್ಲಿ ತೆಗೆಯೋಕೆ ಪದರವೇ ಇಲ್ಲ. ಬೆರಳ ಗುರುತು, ಎಣ್ಣೆ ಇದ್ರೆ ಮೈಕ್ರೋಫೈಬರ್ ಬಟ್ಟೆಗೆ ಒಂದೆರಡು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಗುಂಡಗೆ ಒರೆಸಬೇಡಿ. ನಡುವಿನಿಂದ ಅಂಚಿಗೆ ಬಿದ್ದ ಗೀರನ್ನು ಡ್ರೈವ್ ದಾಟಿಕೊಂಡು ಓದುತ್ತೆ, ಟ್ರ್ಯಾಕ್ ಉದ್ದಕ್ಕೇ ಬಿದ್ದ ಗೀರನ್ನು ದಾಟೋಕಾಗಲ್ಲ.

ಲೋಡಿಂಗ್ 99: ಟೂತ್‌ಪೇಸ್ಟ್ ಹಚ್ಚಿ ನಮ್ಮ ಮನೆ ಸಿಡಿ ಓಡಿದೆ ಬಾಸ್.

ಕೌಂಟರ್: ಸಿಡಿ. ಬ್ಲೂ-ರೇ ಅಲ್ಲ. ಮೇಲೆ ಬರೆದಿದ್ದೀನಿ.

ಧಾರವಾಡ ಪ್ಲೇಯರ್: ಸರ್, ಹಳೇ ಪಿಎಸ್4 ಡಿಸ್ಕ್ ತಗೊಳ್ಳೋ ಮುಂದ ಹೆಂಗ ಚೆಕ್ ಮಾಡ್ಬೇಕ್ರಿ? ಮಾರಾಂವ ಗೇಮ್ ಚಾಲೂ ಮಾಡಿ ತೋರ್ಸ್ತೀನಿ ಅಂತಾನ.

ಕೌಂಟರ್: ಚಾಲೂ ಆಗೋದು ಪರೀಕ್ಷೆ ಅಲ್ಲ. ಡಿಸ್ಕಿನಿಂದ ಕನ್ಸೋಲ್‌ಗೆ ಪೂರ್ತಿ ಕಾಪಿ ಆಗೋ ಮುಂಚೆಯೇ ಎಷ್ಟೋ ಗೇಮ್ ಮೊದಲ ಭಾಗ ಆಡೋಕೆ ಬಿಡುತ್ತೆ. ಕನ್ಸೋಲ್‌ನಲ್ಲಿ ಆ ಗೇಮ್ ಮೊದಲೇ ಇದ್ರೆ ಅಳಿಸಿಸಿ. ಇಂಟರ್ನೆಟ್ ಆಫ್ ಮಾಡಿಸಿ, ಇಲ್ಲದಿದ್ರೆ ಅಪ್‌ಡೇಟ್ ಡೌನ್‌ಲೋಡ್ ಆಗ್ತಿರೋದನ್ನೇ ನೋಡಿ ಕಾಪಿ ಆಗ್ತಿದೆ ಅಂದ್ಕೋತೀರಿ. ಡಿಸ್ಕ್ ಹಾಕಿ, ಕಾಪಿ ನೂರಕ್ಕೆ ನೂರು ಆಗೋವರೆಗೆ ಕೂತಿರಿ. ಕೆಟ್ಟ ಡಿಸ್ಕ್ ಒಂದೇ ಜಾಗದಲ್ಲಿ ಮತ್ತೆ ಮತ್ತೆ ನಿಲ್ಲುತ್ತೆ. ಅಷ್ಟು ಹೊತ್ತು ಕೂರೋಕೆ ಮಾರುವವನು ಬಿಡದಿದ್ರೆ ಎದ್ದು ಬನ್ನಿ.

ಡಿಜಿಟಲ್ ಡೀಲ್ಸ್: ಡಿಸ್ಕ್ ತಲೆನೋವು ಯಾಕೆ ಗುರು? ಪ್ರೈಮರಿ ಅಕೌಂಟ್ ತಗೊಳ್ಳಿ. ಹೊಸ ಗೇಮ್ ₹900, ಲೈಫ್‌ಟೈಮ್ ವಾರಂಟಿ. ಇನ್‌ಬಾಕ್ಸ್ ಮಾಡಿ.

ಧಾರವಾಡ ಪ್ಲೇಯರ್: ಯಾರ ಲೈಫ್‌ಟೈಮ್ ರೀ, ನಮ್ದೋ ನಿಮ್ಮ ವಾಟ್ಸಾಪ್ ನಂಬರಿಂದೋ?

ಡಿಜಿಟಲ್ ಡೀಲ್ಸ್: ನೂರಾರು ಕಸ್ಟಮರ್ ಇದ್ದಾರೆ. ಗೊತ್ತಿಲ್ಲದೆ ಮಾತಾಡಬೇಡಿ.

ಕೌಂಟರ್: ಒಂದೇ ಸಲ ಹೇಳ್ತೀನಿ. ಹೀಗೆ ಗೇಮ್ ಕೊಂಡಿಟ್ಟ ಅಕೌಂಟನ್ನೇ ಮಾರೋದು ಪ್ಲೇಸ್ಟೇಷನ್ ಷರತ್ತಿಗೇ ವಿರುದ್ಧ. ಮೂಲ ಇಮೇಲ್ ಯಾರ ಹತ್ತಿರ ಇದೆಯೋ ಅವರು ಪಾಸ್‌ವರ್ಡ್ ಬದಲಿಸಿ ನಿಮ್ಮ ಕನ್ಸೋಲನ್ನು ಹೊರಗೆ ಹಾಕಬಹುದು, ಅದೇ ಅಕೌಂಟನ್ನು ಇನ್ನೊಬ್ಬರಿಗೂ ಮಾರಬಹುದು. ದೂರು ಕೊಡೋಕೆ ನಿಮ್ಮ ಹೆಸರಲ್ಲಿ ಒಂದು ರಸೀದಿಯೂ ಇರಲ್ಲ. ನಾವು ತಗೊಳ್ಳಲ್ಲ, ಮಾರಲ್ಲ.

ಗೇಮರ್ ಹಾಸನ: ಸರ್ ಅಂದಾಜು ಹೇಳಿ ಸಾಕು, ಜಿಟಿಎ 5

ಪಿಕ್ಸೆಲ್ ಪುಟ್ಟ: ಅಣ್ಣಾ, ಆನ್‌ಲೈನ್‌ನಲ್ಲಿ ಒಬ್ರು ನಾಲ್ಕು ನಿಂಟೆಂಡೊ ಸ್ವಿಚ್ ಕಾರ್ಟ್ರಿಜ್ ಸೇರಿ ₹3,000ಕ್ಕೆ ಕೊಡ್ತೀನಿ ಅಂತಿದ್ದಾರೆ. ಬಾಕ್ಸ್ ಇಲ್ಲ. ನಮ್ಮ ಹತ್ರ ಇರೋದು ಹೊಸ ಸ್ವಿಚ್ 2. ಹಾಕಿದ್ರೆ ಏನೂ ಆಗಲ್ಲ ಅಲ್ವಾ?

ಕೌಂಟರ್: ಪುಟ್ಟ, ದುಡ್ಡು ಕಳಿಸೋ ಮುಂಚೆ ಪೂರ್ತಿ ಓದಿ.

ಪ್ರತಿ ಸ್ವಿಚ್ ಕಾರ್ಟ್ರಿಜ್ ಒಳಗೂ ಆ ಒಂದು ಕಾರ್ಟ್ರಿಜ್‌ಗೆ ಮಾತ್ರ ಸೇರಿದ ಡಿಜಿಟಲ್ ಪ್ರಮಾಣಪತ್ರ ಇರುತ್ತೆ. ಆನ್‌ಲೈನ್ ಹೋದಾಗ ಕನ್ಸೋಲ್ ಅದನ್ನು ನಿಂಟೆಂಡೊ ಸರ್ವರ್‌ಗೆ ತೋರಿಸುತ್ತೆ. ಮಿಗ್ ಸ್ವಿಚ್ ಥರದ ಫ್ಲಾಶ್ ಕಾರ್ಡ್ (ನಕಲು ಗೇಮ್ ತುಂಬಿ ಓಡಿಸೋ ಕಾರ್ಟ್ರಿಜ್) ಇಟ್ಕೊಂಡವರು ಅಸಲಿ ಕಾರ್ಟ್ರಿಜ್‌ನಿಂದ ಗೇಮನ್ನೂ ಈ ಪ್ರಮಾಣಪತ್ರವನ್ನೂ ನಕಲು ಮಾಡಿಕೊಳ್ತಾರೆ. ಆಮೇಲೆ ಅಸಲಿಯನ್ನು ಮಾರಿಬಿಡ್ತಾರೆ. ನಿಮ್ಮ ಕೈಗೆ ಬರೋದು ಅಸಲಿಯೇ, ಲೇಬಲ್ ಸರಿ, ತೂಕ ಸರಿ, ಗೇಮೂ ಓಡುತ್ತೆ. ಆದ್ರೆ ಒಂದೇ ಪ್ರಮಾಣಪತ್ರ ಎರಡು ಕನ್ಸೋಲ್‌ನಿಂದ ಬಂದಿದ್ದನ್ನು ಸರ್ವರ್ ಕಂಡ್ರೆ ಕನ್ಸೋಲ್ ಬ್ಯಾನ್ ಆಗುತ್ತೆ. ಕಳ್ಳ ಯಾರು, ಕೊಂಡವರು ಯಾರು ಅಂತ ಅದಕ್ಕೆ ಗೊತ್ತಾಗಲ್ಲ.

ಬ್ಯಾನ್ ಬೀಳೋದು ಅಕೌಂಟಿಗಲ್ಲ, ಕನ್ಸೋಲ್‌ಗೆ. 2124-4508 ಅಂತ ಎರರ್ ಬರುತ್ತೆ. ಈಶಾಪ್ (ನಿಂಟೆಂಡೊ ಆನ್‌ಲೈನ್ ಅಂಗಡಿ) ಇಲ್ಲ, ಆನ್‌ಲೈನ್ ಆಟ ಇಲ್ಲ. ಫ್ಯಾಕ್ಟರಿ ರೀಸೆಟ್ ಮಾಡಿದ್ರೂ ಹೋಗಲ್ಲ. ಸ್ವಿಚ್ 2ರಲ್ಲಿ ಇದು ಇನ್ನೂ ದುಬಾರಿ, ಯಾಕಂದ್ರೆ ಅದರ ಕೆಲವು ಗೇಮ್ ಬರೋ ಗೇಮ್-ಕೀ ಕಾರ್ಡ್‌ನಲ್ಲಿ ಗೇಮೇ ಇರಲ್ಲ, ಬರೀ ಬೀಗದ ಕೈ, ಗೇಮ್ ಡೌನ್‌ಲೋಡ್ ಮಾಡಬೇಕು, ಬ್ಯಾನ್ ಆದ್ರೆ ಅದೂ ಆಗಲ್ಲ. 2025ರಲ್ಲಿ ಹೊರದೇಶದಲ್ಲಿ ಹಳೆ ಕಾರ್ಟ್ರಿಜ್ ಕೊಂಡ ಒಬ್ಬರ ಸ್ವಿಚ್ 2 ಬ್ಯಾನ್ ಆಗಿ, ಕಾರ್ಟ್ರಿಜ್ ಫೋಟೊ, ಕೊಂಡ ಜಾಹೀರಾತು ತೋರಿಸಿದ ಮೇಲೆ ನಿಂಟೆಂಡೊ ಬ್ಯಾನ್ ತೆಗೆದಿತ್ತು. ನಿಂಟೆಂಡೊ ನಮ್ಮಲ್ಲಿ ನೇರವಾಗಿ ಮಾರೋದೇ ಇಲ್ಲ, ಎಲ್ಲ ಆಮದು ಸರಕು. ಹೋಗಿ ಕೂತು ಕೇಳೋಕೆ ಇಲ್ಲಿ ಒಂದು ಸರ್ವಿಸ್ ಸೆಂಟರ್ ಇಲ್ಲ.

ಹಾಗಾಗಿ, ಕೊಳ್ಳಲೇಬೇಕು ಅಂದ್ರೆ: ಜಾಹೀರಾತಿನ ಸ್ಕ್ರೀನ್‌ಶಾಟ್, ಚಾಟ್, ಯುಪಿಐ ರೆಫರೆನ್ಸ್ ನಂಬರ್ ಇಟ್ಕೊಳ್ಳಿ. ಕಾರ್ಟ್ರಿಜ್‌ನ ಎರಡೂ ಮುಖದ ಫೋಟೊ ತೆಗೀರಿ, ಹಿಂದಿನ ಕೋಡ್ ಓದೋ ಹಾಗಿರಲಿ. ಅವರದೇ ಕನ್ಸೋಲ್‌ನಲ್ಲಿ, ನೆಟ್ ಆನ್ ಇಟ್ಟು, ಗೇಮಿನ ಆನ್‌ಲೈನ್ ಭಾಗ ತೆಗೆದು ತೋರಿಸಿ ಅನ್ನಿ. ಇದು ಪಾಸಾದ್ರೂ ಅರ್ಧ ನಂಬಿಕೆ ಅಷ್ಟೇ, ನಾಳೆ ಇನ್ಯಾರೋ ನಕಲನ್ನು ಹಾಕಬಹುದು. ಆದ್ರೆ ನಕಲು ಮಾಡುವವನು ತನ್ನ ಕನ್ಸೋಲನ್ನು ನೆಟ್‌ಗೆ ಜೋಡಿಸೋಕೆ ಹಿಂದೇಟು ಹಾಕ್ತಾನೆ, ಅಲ್ಲೇ ಗೊತ್ತಾಗುತ್ತೆ. ಬಾಕ್ಸ್ ಇಲ್ಲದ ನಾಲ್ಕು ಗೇಮ್ ₹3,000, ಮುಖ ತೋರಿಸದ ಮಾರಾಟಗಾರ: ಸ್ವಿಚ್ 2ಗೆ ನಾನಂತೂ ಹಾಕಲ್ಲ.

ಪಿಕ್ಸೆಲ್ ಪುಟ್ಟ: ಅಯ್ಯೋ. ಹಾಗಾದ್ರೆ ಸೆಕೆಂಡ್ ಹ್ಯಾಂಡ್ ಸ್ವಿಚ್ 2 ಕೊಳ್ಳೋರು?

ಕೌಂಟರ್: ನಿಮ್ಮ ಫೋನ್ ಹಾಟ್‌ಸ್ಪಾಟ್‌ಗೆ ಜೋಡಿಸಿ, ಅಲ್ಲೇ ಈಶಾಪ್ ತೆಗೆಸಿ. ತೆರೆದ್ರೆ ಮಾತ್ರ ದುಡ್ಡು. “ವೈಫೈ ಇಲ್ಲ ಸರ್, ಮನೇಲಿ ನೋಡ್ಕೊಳ್ಳಿ” ಅಂದ್ರೆ ಬೇಡ.

ಲೋಡಿಂಗ್ 99: ಎಲ್ಲದಕ್ಕೂ ಹೆದರಿಸಿ ಅಂಗಡೀಲೇ ತಗೊಳ್ಳಿ ಅನ್ನೋದು 😂 ನೀವು ₹1,000ಕ್ಕೆ ತಗೊಂಡು ₹2,000ಕ್ಕೆ ಮಾರಲ್ವಾ?

ಕೌಂಟರ್: ಮಾರ್ತೀವಿ. ₹2,000ಕ್ಕೆ ಮಾರೋ ಡಿಸ್ಕಿಗೆ ನಗದು ₹1,000, ಎಕ್ಸ್‌ಚೇಂಜ್ ಕ್ರೆಡಿಟ್ ಆದ್ರೆ ₹1,250. ನಗದಿನ ಲೆಕ್ಕದಲ್ಲಿ ಉಳಿದ ₹1,000 ಪೂರ್ತಿ ಲಾಭ ಅಲ್ಲ. ಹಳೆ ಸರಕಿಗೆ ಜಿಎಸ್‌ಟಿ ನಿಯಮ 32(5) ಪ್ರಕಾರ ಮಾರ್ಜಿನ್ (ಕೊಂಡ ಬೆಲೆ, ಮಾರಿದ ಬೆಲೆಯ ವ್ಯತ್ಯಾಸ) ಮೇಲೆ ಮಾತ್ರ ತೆರಿಗೆ, ಕೊಳ್ಳುವಾಗ ಇನ್‌ಪುಟ್ ಕ್ರೆಡಿಟ್ (ಕೊಟ್ಟ ತೆರಿಗೆಯ ಕಡಿತ) ತಗೊಂಡಿರಬಾರದು. ಶೇ 18ರಂತೆ ಆ ₹1,000ರೊಳಗೆ ಸುಮಾರು ₹150 ತೆರಿಗೆ. ಆಮೇಲೆ ಬಾಡಿಗೆ, ಪರೀಕ್ಷೆಯ ಸಮಯ, 7 ದಿನದ ವಾಪಸಾತಿ. ಮಾರದೆ ಕೂತ ಡಿಸ್ಕ್ ಬೇರೆ. ಫುಟ್‌ಬಾಲ್, ಡಬ್ಲ್ಯುಡಬ್ಲ್ಯುಇ ಥರ ವರ್ಷಕ್ಕೊಂದು ಬರೋ ಗೇಮ್ ಹೊಸದು ಬಂದ ದಿನವೇ ಕಸ. ಇಎ ಫುಟ್‌ಬಾಲ್ ಗೇಮ್ ಬರೋದು ಸೆಪ್ಟೆಂಬರ್ ಕೊನೆಗೆ, ಮಾರೋದಿದ್ರೆ ಜುಲೈ ಒಳಗೆ ಮಾರಿ. ನೀವೇ ಗಿರಾಕಿ ಹುಡುಕಿ ₹1,500ಕ್ಕೆ ಮಾರೋ ಹಾಗಿದ್ರೆ ಧಾರಾಳವಾಗಿ ಮಾರಿ, ನಮಗೆ ಬೇಜಾರಿಲ್ಲ.

ಕುಡ್ಲ ಕಂಟ್ರೋಲರ್: ನೇರ ಮಾರಿದ್ರೆ ಒಂದು ಜಾಗ್ರತೆ ಮಾರಾಯ್ರೆ. ದುಡ್ಡು ಬರ್ಲಿಕ್ಕೆ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂತ ಹೇಳ್ತಾರೆ. ಪಿನ್ ಹಾಕುವುದು ದುಡ್ಡು ಹೋಗ್ಲಿಕ್ಕೆ ಮಾತ್ರ.

ರೆಟ್ರೊ ದಾವಣಗೆರೆ: ಸರ್, ಗೇಮ್‌ಬಾಯ್ ಅಡ್ವಾನ್ಸ್ ಪೋಕೆಮಾನ್ ಎಮರಾಲ್ಡ್ ಒಂದು ಬಂದಿದೆ. ಶುರುವಿನಲ್ಲೇ ಬ್ಯಾಟರಿ ಖಾಲಿ ಅಂತ ಬರುತ್ತೆ. ಸೇವ್ ಹೋಗುತ್ತಾ? ನಕಲಿ ಇರಬಹುದಾ?

ಕೌಂಟರ್: ಆ ಸಂದೇಶ ಒಂದರಿಂದಲೇ ಅಸಲಿಯೋ ನಕಲಿಯೋ ಗೊತ್ತಾಗಲ್ಲ. ಅಸಲಿಯಲ್ಲಿ ಒಳಗೆ ಸಿಆರ್1616 ಬ್ಯಾಟರಿ ಇರೋದು ಗಡಿಯಾರಕ್ಕೆ ಮಾತ್ರ. ಸೇವ್ ಫ್ಲಾಶ್ ಮೆಮೊರಿಯಲ್ಲಿ, ಬ್ಯಾಟರಿ ತೆಗೆದ್ರೂ ಹೋಗಲ್ಲ. ಅಗ್ಗದ ನಕಲಿಗಳಲ್ಲಿ ಗಡಿಯಾರವೇ ಇರಲ್ಲ, ಅವೂ ಇದೇ ಸಂದೇಶ ತೋರಿಸಬಹುದು. ಹಾಗಾಗಿ ಇವನ್ನು ನೋಡಿ: ಅಸಲಿ ಲೇಬಲ್ ಮೇಲೆ ಒಂದು ಕಡೆ ಎರಡು ಅಂಕಿ ಒತ್ತಿದ ಗುರುತು ಇರುತ್ತೆ, ಬೆಳಕಿಗೆ ಓರೆಯಾಗಿ ಹಿಡಿದ್ರೆ ಕಾಣುತ್ತೆ. ಕೆಳಗಿನ ಚಿನ್ನದ ಪಿನ್‌ಗಳ ಮೇಲ್ಗಡೆ ಬೋರ್ಡ್ ಮೇಲೆ ನಿಂಟೆಂಡೊ ಅಂತ ಅಚ್ಚಾಗಿರಬೇಕು. ಹಿಂದಿನ ಸ್ಕ್ರೂ ಮೂರು ಮೂಲೆಯ ಟ್ರೈ-ವಿಂಗ್. ಬ್ಯಾಟರಿ ಹಾಕಿಸೋದಾದ್ರೆ ಟ್ಯಾಬ್ ಬೆಸುಗೆ ಹಾಕಿರೋ ಸಿಆರ್1616 ತರಿಸಿ, ಬರೀ ಬ್ಯಾಟರಿ ಮೇಲೆ ಸೋಲ್ಡರಿಂಗ್ ಐರನ್ ಇಡಬೇಡಿ, ಸಿಡಿಯುತ್ತೆ. ಒಂದು ಎಚ್ಚರಿಕೆ: ಹಳೆಯ ಪೋಕೆಮಾನ್ ಗೋಲ್ಡ್, ಸಿಲ್ವರ್, ಕ್ರಿಸ್ಟಲ್ ಬೇರೆ ಕಥೆ. ಅವುಗಳಲ್ಲಿ ಸಿಆರ್2025, ಸೇವ್ ಬ್ಯಾಟರಿ ಮೇಲೇ ನಿಂತಿರೋದು. ತೆಗೆದ್ರೆ ಎಲ್ಲ ಹೋಯ್ತು. ಎಮರಾಲ್ಡ್ ಬೋರ್ಡ್ ಫೋಟೊ ಹಾಕಿ, ನೋಡೋಣ.

ಶುಭೋದಯ ಬಳಗ: ಕಾರ್ಟ್ರಿಜ್ ಓಡದಿದ್ದರೆ ಬಾಯಿಂದ ಜೋರಾಗಿ ಊದಿ ಹಾಕಿ, ಅಥವಾ ರಬ್ಬರ್‌ನಿಂದ ಪಿನ್ ಉಜ್ಜಿ. ನೂರಕ್ಕೆ ನೂರು ಗ್ಯಾರಂಟಿ.

ಕೌಂಟರ್: ಊದಿದ್ರೆ ಎಂಜಲ ತೇವ ಪಿನ್‌ಗೆ ಹತ್ತಿ ತುಕ್ಕು. ರಬ್ಬರ್ ಉಜ್ಜಿದ್ರೆ ತೆಳು ಚಿನ್ನದ ಲೇಪ ಹೋಗುತ್ತೆ. ಕಿವಿ ಹತ್ತಿ ಕಡ್ಡಿ, ಐಸೊಪ್ರೊಪೈಲ್, ಒಣಗೋಕೆ ಐದು ನಿಮಿಷ. ನಿಮ್ಮ ಗ್ಯಾರಂಟಿ ಮೇಲೆ ಕೆಟ್ಟು ಬಂದ ಕಾರ್ಟ್ರಿಜ್‌ಗೆ ನೀವೇ ದುಡ್ಡು ಕೊಡಿ.

ಶುಭೋದಯ ಬಳಗ: ಹಿರಿಯರಿಗೆ ಮರ್ಯಾದೆ ಕೊಟ್ಟು ಮಾತಾಡಿ.

ಧಾರವಾಡ ಪ್ಲೇಯರ್: ಮರ್ಯಾದಿ ಕೊಡೋಣ್ರಿ, ಮೊದ್ಲ ಫಾರ್ವರ್ಡ್ ನಿಲ್ಸ್ರಿ.

ಡಿಜಿಟಲ್ ಡೀಲ್ಸ್: ಇವ್ರಿಗೆ ಎಲ್ಲರ ಮೇಲೂ ಸಿಟ್ಟು. ಅಂಗಡಿ ವ್ಯಾಪಾರ ಕಮ್ಮಿ ಆಗಿರ್ಬೇಕು.

ಅಡ್ಮಿನ್: @ಡಿಜಿಟಲ್ ಡೀಲ್ಸ್ ಜಾಹೀರಾತು ಅಳಿಸಿದ್ದೇನೆ. ಮುಂದಿನ ಸಲ ಗುಂಪಿನಿಂದಲೇ ಹೊರಗೆ.

ಮೈಸೂರು ಮೀಪಲ್: ಬೋರ್ಡ್ ಗೇಮ್ ತಗೋತೀರಾ ಸರ್? ಕ್ಯಾಟಾನ್, ಎರಡು ರಸ್ತೆ ಕಡ್ಡಿ ಕಳೆದಿದೆ.

ಪಿಸಿ ಪಾಂಡು: ಪಿಸಿ ಡಿವಿಡಿ ಗೇಮ್ ಎಕ್ಸ್‌ಚೇಂಜ್ ಆಗುತ್ತಾ?

ಕೌಂಟರ್: ಇಲ್ಲ. ಕೋಡ್ ಒಂದು ಸಲ ಅಕೌಂಟಿಗೆ ಸೇರಿದ್ರೆ ಡಿವಿಡಿ ಬರೀ ಪ್ಲಾಸ್ಟಿಕ್.

ಪಿಸಿ ಪಾಂಡು: ಸ್ಟೀಮ್ ಗೇಮ್?

ಕೌಂಟರ್: ಅದೇ ಉತ್ತರ.

ಲೋಡಿಂಗ್ 99: ಸರಿ, ಜಗಳ ಬಿಡಿ. ಹಳೆ ಪಿಎಸ್5 ತಗೊಳ್ತಿದ್ದೀನಿ, ಡಿಸ್ಕ್ ಮಾಡೆಲ್. ಏನು ನೋಡಬೇಕು?

ಕೌಂಟರ್: ಮೊದಲು ಬಂದ ದಪ್ಪ ಮಾಡೆಲ್ ಆದ್ರೆ ಡ್ರೈವ್ ಬೋರ್ಡ್ ಆ ಮದರ್‌ಬೋರ್ಡ್‌ಗೇ ಜೋಡಿಯಾಗಿರುತ್ತೆ. ಬೇರೆ ಕನ್ಸೋಲ್‌ನಿಂದ ಪೂರ್ತಿ ಡ್ರೈವ್ ತೆಗೆದು ಹಾಕಿದ್ರೆ ಗೇಮ್ ಡಿಸ್ಕ್ ಓದಲ್ಲ. ಅದಕ್ಕೆ ಒಂದು ಪಿಎಸ್5, ಒಂದು ಪಿಎಸ್4 ಡಿಸ್ಕ್ ತಗೊಂಡು ಹೋಗಿ ಎರಡನ್ನೂ ಹಾಕಿ ನೋಡಿ. ಸ್ಲಿಮ್ ಆದ್ರೆ ಡ್ರೈವ್ ಬಿಚ್ಚಬಹುದು, ಆದ್ರೆ ಹೊಸದಾಗಿ ಸಿಕ್ಕಿಸಿದಾಗ ಒಂದು ಸಲ ಇಂಟರ್ನೆಟ್ ಬೇಕೇ ಬೇಕು. ಭಾರದ ಗೇಮ್ ಅರ್ಧ ಗಂಟೆ ಓಡಿಸಿ, ಮಧ್ಯೆ ಆಫ್ ಆದ್ರೆ ಬೇಡ. ಕೊನೆಗೆ ಮಾರುವವರ ಎದುರೇ ಅವರ ಅಕೌಂಟ್‌ನ ಕನ್ಸೋಲ್ ಷೇರಿಂಗ್ ತೆಗೆಸಿ, ರೀಸೆಟ್ ಮಾಡಿಸಿ.

ಲೋಡಿಂಗ್ 99: ಥ್ಯಾಂಕ್ಸ್. ಡಿಜಿಟಲ್ ಎಡಿಷನ್‌ಗೆ ಪಿಎಸ್4 ಡಿಸ್ಕ್ ಇದ್ರೆ ಗೇಮಿನ ಪಿಎಸ್5 ಆವೃತ್ತಿಗೆ ಫ್ರೀ ಅಪ್‌ಗ್ರೇಡ್ ಸಿಗುತ್ತಾ?

ಕೌಂಟರ್: ಡ್ರೈವ್ ಇಲ್ಲದೆ ಇಲ್ಲ. ಅಪ್‌ಗ್ರೇಡ್ ಆದ್ಮೇಲೂ ಆಡೋವಾಗ ಡಿಸ್ಕ್ ಒಳಗೇ ಇರಬೇಕು.

ಗೇಮರ್ ಹಾಸನ: ನೀವು ಆಧಾರ್ ಕಾಪಿ ಯಾಕೆ ಕೇಳ್ತೀರಾ? ಡಿಸ್ಕ್ ಮಾರೋಕೂ ಆಧಾರಾ?

ಕೌಂಟರ್: ಯಾವುದಾದರೂ ಒಂದು ಗುರುತಿನ ಚೀಟಿ, ಆಧಾರೇ ಆಗಬೇಕಿಲ್ಲ. ಕದ್ದ ಮಾಲು ಅಂತ ಗೊತ್ತಿದ್ದೂ ತಗೊಂಡ್ರೆ ನ್ಯಾಯ ಸಂಹಿತೆ ಸೆಕ್ಷನ್ 317 ನಮ್ಮ ಮೇಲೆ. ಯಾರಿಂದ, ಯಾವತ್ತು, ಎಷ್ಟಕ್ಕೆ ಕೊಂಡೆವು ಅಂತ ರಿಜಿಸ್ಟರ್ ಇಲ್ಲದಿದ್ರೆ ಪೊಲೀಸರು ಬಂದಾಗ ಹೇಳೋಕೆ ಏನೂ ಇರಲ್ಲ. ಕಾಪಿ ಮೇಲೆ “ಗೇಮ್ ಮಾರಾಟಕ್ಕೆ ಮಾತ್ರ” ಅಂತ ಬರೆದು, ತಾರೀಕು ಹಾಕಿ ಸಹಿ ಮಾಡಿ ಕೊಡಿ. ಚೀಟಿ ಕೊಡಲ್ಲ ಅನ್ನೋರ ಸರಕು ನಾವು ಮುಟ್ಟಲ್ಲ.

ಕುಡ್ಲ ಕಂಟ್ರೋಲರ್: ಕೋಡ್ ನೋಡಿದೆ ಸರ್, ಸ್ಟೋರಿನದ್ದಕ್ಕಿಂತ ಬೇರೆ. ಡಿಎಲ್‌ಸಿಯ ದುಡ್ಡು ವಾಪಸ್ ಸಿಗ್ತದಾ?

ಮೈಸೂರು ಮೀಪಲ್: ಸರ್, ಬೋರ್ಡ್ ಗೇಮ್?

ರೆಟ್ರೊ ದಾವಣಗೆರೆ: ಬೋರ್ಡ್ ಫೋಟೊ ಹಾಕಿದ್ದೀನಿ ಸರ್, ಟ್ರೈ-ವಿಂಗ್ ಇಲ್ಲ, ಮಾಮೂಲಿ ಸ್ಟಾರ್ ಸ್ಕ್ರೂ ಇದೆ.

ಕೌಂಟರ್: ಪಿನ್ ಮೇಲಿನ ಅಚ್ಚು ಸರಿ ಕಾಣ್ತಿದೆ, ಒತ್ತು ಗುರುತು 21 ಓದೋಕಾಗ್ತಿದೆ. ಯಾರೋ ಬಿಚ್ಚಿ ಸ್ಕ್ರೂ ಬದಲಿಸಿದ್ದಾರೆ. ಬ್ಯಾಟರಿಯ ಟ್ಯಾಬ್ ಬೆಸುಗೆ ಹತ್ತಿರದಿಂದ ಇನ್ನೊಂದು ಫೋಟೊ ಹಾಕಿ. ಸ್ವಿಚ್ ಟೆಸ್ಟ್ ಮಾಡಿಸೋಕೆ ಒಬ್ಬರು ಕಾಯ್ತಿದ್ದಾರೆ, ಅದನ್ನು ಮುಗಿಸಿ ನೋಡ್ತೀನಿ. ಉಳಿದವರು ಮೇಲೆ ಓದಿಕೊಂಡು ಕೇಳಿ.