ರಿಪೇರಿ, ದುರಸ್ತಿ, ಜೀರ್ಣೋದ್ಧಾರ: ಹಳೇ ಕಾಮಿಕ್ಸ್‌ಗೆ ಇದರಾಗ ಯಾವ ಪದ ಹೊಂದ್ತದ?

ಎಲ್ಲರಿಗೂ ಶರಣು,

ಒಂದು ಪದದ ಸಲುವಾಗಿ ಕೇಳ್ಲಾಕತ್ತೀನಿ, ಸ್ವಲ್ಪ ಉದ್ದ ಆಗ್ತದ, ಪೂರಾ ಓದ್ರಿ. ಕಲಬುರಗಿ, ಬೀದರ, ಯಾದಗಿರಿ ಕಡಿ ಹಳೇ ಕಾಮಿಕ್ಸ್ ಕೂಡಿಸಿಡೋ ಶೌಕ್ ಇದ್ದ ಮಂದಿ ನಾವು ಒಂದಿಷ್ಟು ಜನ ಇದ್ದೀವಿ. ಇಂದ್ರಜಾಲ, ಅಮರ ಚಿತ್ರ ಕಥೆ, ರಾಜ್ ಕಾಮಿಕ್ಸು, ಡೈಮಂಡ್‌ನವರ ಚಾಚಾ ಚೌಧರಿ, ಜೋಡೀಲೇ ಅಮೆರಿಕದ ಮಾರ್ವೆಲ್, ಡಿಸಿ. ಒಬ್ಬರ ಹತ್ರ ಎರಡೆರಡು ಇದ್ದದ್ದು ಇನ್ನೊಬ್ಬರಿಗೆ ಕೊಡೋದು, ತಗೊಳೋದು ನಡದೇ ಇರ್ತದ. ಪುಸ್ತಕ ಕೈಗೆ ಬಂದ ಮ್ಯಾಲ "ನೀವು ಹೇಳಿದ್ದು ಹಿಂಗಿರಲಿಲ್ರೀ" ಅಂತ ಮಾತು ಬರಬಾರ್ದು ಅಂತ, ಮಾರೋ ಮುಂಚೆ ಪುಸ್ತಕದ ಸ್ಥಿತಿ ಹ್ಯಾಂಗದ ಅಂತ ಕನ್ನಡದಾಗೇ ಬರದುಕೊಡೋದು ಒಂದು ಹಾಳಿ ಫಾರ್ಮು ತಯಾರ ಮಾಡ್ಲಾಕತ್ತೀವಿ. ಎಲ್ಲಾ ಕಾಲಮ್ಮಿಗೂ ಪದ ಸಿಕ್ಕಾವ. ಒಂದೇ ಒಂದಕ್ಕ ಸಿಗವಲ್ದು, ಹಳೇ ಪುಸ್ತಕಕ್ಕ ಬಣ್ಣ, ಕಾಗದ ಹಚ್ಚಿ ತಿದ್ದಿದ್ರ ಇಂಗ್ಲಿಷಿನಾಗ ರಿಸ್ಟೋರ್ಡ್ ಅಂತಾರಲ್ಲ, ಅದಕ್ಕ.

ಈ ಶೌಕ್ ಇಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳ್ತೀನಿ, ಇಲ್ಲಂದ್ರ ಒಂದು ಪದಕ್ಕ ಯಾಕ ಇಷ್ಟು ಒದ್ದಾಡ್ಲಾಕತ್ತಾನ ಅನಸ್ತದ. ಅಮೆರಿಕದಾಗ ಕಾಮಿಕ್ಸ್ ಪುಸ್ತಕಕ್ಕ ಗ್ರೇಡ್ ಕೊಡೋ ಕಂಪನಿ ಅವ. ಅದರಾಗ ದೊಡ್ಡದು ಸಿಜಿಸಿ, ಫ್ಲಾರಿಡಾದಾಗ 2000ದಾಗ ಶುರು ಆಯ್ತು, 2014ರಾಗ ಸಿಬಿಸಿಎಸ್ ಅಂತ ಇನ್ನೊಂದು ಬಂತು. ನಾವು ಪುಸ್ತಕ ಕಳಸಬೇಕು, ಅವರು ಹಾಳಿ ಎಣಸ್ತಾರ, ಯಾರರೆ ಕೈ ಹಚ್ಚಿ ಏನರೆ ಮಾಡ್ಯಾರೇನು ಅಂತ ನೋಡ್ತಾರ, ಒಬ್ಬರಿಗಿಂತ ಹೆಚ್ಚು ಮಂದಿ ಬ್ಯಾರೆ ಬ್ಯಾರೆ ನೋಡಿ ಕಡೀಗೆ 0.5ರಿಂದ 10ರ ತನಕ ಒಂದು ನಂಬರ್ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿಯಾಗ ಸೀಲ್ ಮಾಡಿ, ಮ್ಯಾಲ ಲೇಬಲ್ ಹಚ್ಚಿ ಕಳಸ್ತಾರ. ಕಾಗದ ಬೆಳ್ಳಗದನೋ, ಕೆನಿ ಬಣ್ಣಕ್ಕ ತಿರುಗ್ಯದನೋ, ಮುಟ್ಟಿದ್ರ ಮುರೀತದನೋ, ಅದೂ ಲೇಬಲ್ ಮ್ಯಾಲ ಬರೀತಾರ. 9.8ಕ್ಕೂ 9.4ಕ್ಕೂ ಕಣ್ಣಿಗೆ ಕಾಣೋ ಫರಕ್ ಕೂದಲೆಳಿಯಷ್ಟು, ರೇಟಿನಾಗ ಮಾತ್ರ ಒಂದಕ್ಕ ಮೂರು ನಾಕು ಪಟ್ಟು ಆಗಬಹುದು. ಸೂಪರ್‌ಮ್ಯಾನ್ ಮೊದಲ ಸಲ ಬಂದ 1938ರ ಆಕ್ಷನ್ ಕಾಮಿಕ್ಸ್ ಒಂದನೇ ಸಂಚಿಕಿ ಆಗ 10 ಸೆಂಟಿಗೆ ಸಿಗ್ತಿತ್ತು, ಅದರದೇ 8.5 ಗ್ರೇಡಿನ ಒಂದು ಪ್ರತಿ 2024ರಾಗ 60 ಲಕ್ಷ ಡಾಲರಿಗೆ ಹೋಗ್ಯದ. ಹಂಗಾಗಿ ಲೇಬಲ್ ಮ್ಯಾಲ ಬರಿಯೋ ಒಂದೊಂದು ಮಾತಿಗೂ ರೊಕ್ಕದ ತೂಕ ಅದ.

ಈಗ ನನ್ನ ವಿಷಯಕ್ಕ ಬರ್ತೀನಿ. ಸಿಜಿಸಿ ಲೇಬಲ್ಲಿಗೆ ಬಣ್ಣ ಅವ. ನೀಲಿ ಅಂದ್ರ ಪುಸ್ತಕ ಹ್ಯಾಂಗ ಅದನೋ ಹಂಗ, ರಿಸ್ಟೋರೇಶನ್ ಆಗಿದ್ದು ಕಂಡಿಲ್ಲ. ಹಳದಿ ಅಂದ್ರ ಕಂಪನಿಯವರ ಕಣ್ಣಮುಂದ ಚಿತ್ರಕಾರರೋ ಬರದವರೋ ಸಹಿ ಮಾಡಿದ್ದು. ನೇರಳೆ ಬಂದ್ರ ಅದು ರಿಸ್ಟೋರ್ಡ್. ಕವರಿನ ಬಣ್ಣ ಹೋದಲ್ಲಿ ಮತ್ತ ಬಣ್ಣ ಹಚ್ಚಿದ್ದು, ಹರದುಹೋದ ಮೂಲಿಗೆ ಬ್ಯಾರೆ ಕಾಗದ ಕೂಡಿಸಿ ಚಿತ್ರ ತಿದ್ದಿದ್ದು, ಅಂಚು ಕತ್ತರಿಸಿ ಸಮಾ ಮಾಡಿದ್ದು, ಇಂಥವೆಲ್ಲಾ ಇದರಾಗ ಬರ್ತಾವ. ಒಂದೇ ಸಂಚಿಕಿ, ಒಂದೇ ನಂಬರ್ ಇದ್ರೂ ನೀಲಿ ಲೇಬಲ್ಲಿನ ರೇಟು ನೇರಳೆಗೆ ಬರಲ್ಲ, ಭಾಳ ಕಡಿಮಿ ಇರ್ತದ. ನೋಡ್ಲಿಕ್ಕ ಎಷ್ಟು ಛಂದ ಆಗಿದ್ರೂ ಅಷ್ಟೇ.

ತೊಡಕು ಇರೋದೇ ಇಲ್ಲಿ, ನಮ್ಮ ಕಡಿ ಇದಕ್ಕ ಇರೋ ಪದ ಎಲ್ಲಾ ಒಳ್ಳೇ ಅರ್ಥದವು. ರಿಪೇರಿ ಅಂದ್ರ ಕೆಟ್ಟಿದ್ದು ಸರಿ ಆಯ್ತು ಅಂತ. ದುರಸ್ತಿ ಅಂತೂ ಇನ್ನೂ ಮುಂದ, ಉರ್ದುದಾಗ ದುರಸ್ತ್ ಅಂದ್ರೇನೇ ಬರೋಬ್ಬರಿ ಇರೋದು, ನಮ್ಮಲ್ಲಿ ಹಿರೇರು ಈಗೂ "ಎಲ್ಲಾ ದುರಸ್ತ್ ಅದ" ಅಂತಾರ. ಹಿಂಗಿದ್ದಾಗ ಫಾರ್ಮಿನಾಗ "ದುರಸ್ತಿ ಆಗ್ಯದ" ಅಂತ ಬರದ್ರ ತಗೊಳೋವರು ಪುಸ್ತಕ ಛಲೋ ಅದ ಅಂತನೇ ಓದ್ಕೋತಾರ. ಬೀದರಿನ ಒಬ್ಬರು ಅಣ್ಣಾರು ತಮ್ಮ ಹತ್ರ ಇದ್ದ ಇಂದ್ರಜಾಲದ ಫೋಟೋ ಹಾಕಿ "ಪೂರಾ ದುರಸ್ತಿ ಮಾಡಿಸಿಟ್ಟೀನಿ, ನಂಬಿ ತಗೋರಿ" ಅಂದಿದ್ರು. ಅವರ ಮಾತಿನಾಗ ಎಳ್ಳಷ್ಟೂ ಮೋಸ ಇರಲಿಲ್ಲ, ಹೆಮ್ಮಿಲೇ ಹೇಳಿದ್ರು. ತಗೊಂಡವರು ಹೈದರಾಬಾದಿನವರು, ಕವರಿನ ಬೆನ್ನಿಗೆ ಸ್ಕೆಚ್ ಪೆನ್ನಿನ ಬಣ್ಣ ಕಂಡು ಮುಚ್ಚಿಟ್ಟು ಮಾರ್ಯಾರ ಅಂತ ಸಿಟ್ಟಾದ್ರು. ಇಬ್ಬರೂ ಸಜ್ಜನರು, ನಡುವ ಕೆಟ್ಟಿದ್ದು ಆ ಒಂದು ಪದದಿಂದ. ಫಾರ್ಮು ಬೇಕು ಅನಿಸಿದ್ದೂ ಆವಾಗೇ.

ಜೀರ್ಣೋದ್ಧಾರ ಅಂತ ಬರೀರಿ ಅಂತ ಒಬ್ಬ ಮಾಸ್ತರರು ಹೇಳಿದ್ರು. ನನಗ ಅದು ಸುತಾರಾಂ ಒಪ್ಪಿಗಿ ಇಲ್ಲ. ಗುಡಿ ಜೀರ್ಣೋದ್ಧಾರ ಮಾಡಿಸಿದವರ ಹೆಸರು ಕಲ್ಲಿನ ಮ್ಯಾಲ ಕೆತ್ತಿಸ್ತೀವಿ, ಅದು ಪುಣ್ಯದ ಕೆಲಸದ ಮಾತು. ಇಲ್ಲಿ ನಮಗ ಬೇಕಾಗಿದ್ದು ಹೊಗಳಿಕಿನೂ ಇರಬಾರ್ದು ಬೈಗಳನೂ ಇರಬಾರ್ದು, ಆಗಿದ್ದು ಆಗಿದ್ದಂಗ ಹೇಳೋ ಪದ.

ಸಂರಕ್ಷಣೆ ಅನ್ನೋದು ಬ್ಯಾರೆ, ಅದನ್ನ ಇದರ ಜೋಡಿ ಕಲಸಬಾರ್ದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಬೀದರದ ಮಹಮೂದ ಗವಾನ್ ಮದರಸಾ ನೋಡಿದವರಿಗೆ ಇದು ಲಗೂನ ತಿಳೀತದ. 1472ರ ಕಟ್ಟಡ, 1696ರಾಗ ಮದ್ದಿನ ಸ್ಫೋಟ ಆಗಿ ಒಂದು ಭಾಗ ಬಿದ್ದುಹೋಯ್ತು. ಪುರಾತತ್ವದವರು ಅದನ್ನ ಇನ್ನೂ ಬೀಳದಂಗ ಕಾಯ್ತಾರ, ಹೋದ ಮಿನಾರನ್ನ ಹೊಸದಾಗಿ ಕಟ್ಟಿ ನಿಲ್ಲಿಸಿಲ್ಲ. ಉಳಿದ ಗೋಡಿ ಮ್ಯಾಲ ಹೆಂಚಿನ ಬಣ್ಣದ ಕೆಲಸ ಎಷ್ಟು ಉಳದದನೋ ಅಷ್ಟೇ ಅದ. ಕಾಮಿಕ್ಸಿನಾಗೂ ಕನ್ಸರ್ವ್ಡ್ ಅಂತ ಬ್ಯಾರೆ ವಿಂಗಡಣಿನೇ ಅದ, ಹರದಲ್ಲಿ ತೆಳ್ಳನ ಜಪಾನಿ ಕಾಗದ, ಗೋಧಿ ಅಂಟು ಹಚ್ಚಿ ಇನ್ನಷ್ಟು ಹರೀದಂಗ ತಡಿಯೋದು, ಬೇಕಾದಾಗ ನೀರು ತಾಗಿಸಿ ಬಿಡಿಸಬಹುದು. ಅದಕ್ಕ ಸಂರಕ್ಷಣೆ ಅನ್ನೋ ಪದ ಬರೋಬ್ಬರಿ ಕೂಡ್ತದ. ಹೊಸಾ ಬಣ್ಣ ಬಳದಿದ್ದಕ್ಕ ಅದೇ ಪದ ಕೊಡ್ಲಿಕ್ಕ ಬರಲ್ಲ.

ಇನ್ನು ಇಸ್ತ್ರಿ. ಪ್ರೆಸ್ಸಿಂಗ್ ಅಂತ ಒಂದದ, ಕಾವು, ಒತ್ತಡ ಅಳತಿಲೇ ಕೊಟ್ಟು ಮಷೀನಿನಾಗ ಸುಕ್ಕು ತಗಿಯೋದು, ಸಿಜಿಸಿ ಅದನ್ನ ರಿಸ್ಟೋರೇಶನ್ ಅಂತ ಹಿಡಿಯಲ್ಲ. ನಮ್ಮ ಹುಡುಗರು ಅದನ್ನ ಇಸ್ತ್ರಿ ಅಂತ ಕರೀಲಿಕ್ಕ ಶುರು ಮಾಡ್ಯಾರ. ದಯವಿಟ್ಟು ಆ ಪದ ಬ್ಯಾಡ. ಕೇಳಿದವರು ಮನ್ಯಾಗಿನ ಇಸ್ತ್ರಿ ಪೆಟ್ಟಿಗಿನೇ ಕವರ್ ಮ್ಯಾಲ ಇಡ್ತಾರ, ಶಾಯಿ ಎದ್ದು ಬರ್ತದ, ಕಾಗದ ಕರಟ್ತದ. ನಾವು ಪ್ರೆಸ್ಸಿಂಗ್ ಅಂತನೇ ಇಟ್ಟೀವಿ.

ನನಗ ಎಲ್ಲಕ್ಕಿಂತ ಹೆಚ್ಚು ಕಾಡೋದು ಜಿಲ್ದಿನ ವಿಷಯ, ಜಿಲ್ದ್ ಅಂದ್ರ ಪುಸ್ತಕದ ಬೈಂಡಿಂಗು. ನಮ್ಮ ಭಾಗದಾಗ ಕಾಮಿಕ್ಸ್ ಉಳದಿದ್ದೇ ಜಿಲ್ದಿನಿಂದ. ಬ್ಯಾಸಗಿಯಾಗ 42, 43 ಡಿಗ್ರಿ ಬಿಸಲು, ಅಗ್ಗದ ನ್ಯೂಸ್‌ಪ್ರಿಂಟ್ ಕಾಗದ, ಅದರಾಗಿರೋ ಲಿಗ್ನಿನ್ ಅನ್ನೋ ಅಂಶಕ್ಕ ಬೆಳಕು, ಗಾಳಿ ತಾಗಿದ್ರ ತಾನೇ ಹಳದಿ ಆಗಿ, ಆಮ್ಲ ಹುಟ್ಟಿ ಪುಡಿ ಆಗ್ತದ. ಬಿಡಿ ಸಂಚಿಕಿ ರದ್ದಿಗೆ ಹೋಗ್ತಿದ್ವು, ಕಬಾಡಿಯವರ ತಕ್ಕಡಿ ಮ್ಯಾಲ ಕಿಲೋ ಲೆಕ್ಕ ಆಗ್ತಿದ್ವು. ಯಾರ ಮನ್ಯಾಗ ಒಬ್ಬ ಕಾಕಾನೋ ದೊಡ್ಡಪ್ಪನೋ ಹತ್ತು ಹನ್ನೆರಡು ಸಂಚಿಕಿ ಒಟ್ಟು ಕೂಡಿಸಿ, ಪುಟ್ಟಾ ಹಚ್ಚಿಸಿ, ಬೆನ್ನಿಗೆ ಕೆಂಪು ಬಟ್ಟಿ ಅಂಟಿಸಿ ಜಿಲ್ದ್ ಕಟ್ಟಿಸಿ ಇಟ್ಟಿದ್ನೋ ಅವರ ಮನ್ಯಾಗ ಅಷ್ಟೇ ಅವು ಇವತ್ತಿಗೂ ಅವ. ಆದ್ರ ಜಿಲ್ದ್ ಕಟ್ಟೋವರು ಮೂರೂ ಕಡಿ ಅಂಚು ಕತ್ತರಿಸ್ತಾರ, ಬೆನ್ನಿಗೆ ತೂತು ಹಾಕಿ ಹೊಲೀತಾರ, ಮೂಲ ಪಿನ್ನು ಕಿತ್ತಿಹಾಕ್ತಾರ. ಗ್ರೇಡಿಂಗ್ ಲೆಕ್ಕದಾಗ ಅಂಚು ಕತ್ತರಿಸಿದ್ದಕ್ಕೇ ನೇರಳೆ ಲೇಬಲ್ ಬೀಳ್ತದ, ಬಣ್ಣ ಬಳದವರ ಸಾಲಿನಾಗೇ. ಅಂದ್ರ ಪುಸ್ತಕವನ್ನ ಬದುಕಿಸಿದ ಕೈಗೂ, ಹೆಚ್ಚಿನ ರೇಟಿಗೆ ಮಾರ್ಲಿಕ್ಕ ಬಣ್ಣ ತಿದ್ದಿದ ಕೈಗೂ ಒಂದೇ ಪದ. ಅಮೆರಿಕದ ಲೇಬಲ್ ಮ್ಯಾಲ ಅದು ನಡೀಲಿ, ಅವರ ನಿಯಮ ಅವರದು. ಕನ್ನಡದಾಗ ನಾವು ಪದ ಮಾಡ್ಕೋಬೇಕಾದ್ರ ಈ ಎರಡಕ್ಕೂ ಬ್ಯಾರೆ ಬ್ಯಾರೆ ಪದ ಬೇಕೇ ಬೇಕು ಅಂತ ನನಗ ಅನಸ್ತದ. ಜಿಲ್ದಿನಿಂದ ಬಿಡಿಸಿದ ಪ್ರತಿಗೆ "ಜಿಲ್ದ್ ಪ್ರತಿ" ಅಂತ ಬರೀತೀವಿ, ಇಲ್ಲಿಯವರಿಗೆ ಥಟ್ಟನೆ ತಿಳೀತದ, ಅಂಚು ಕಟ್ ಆಗಿರ್ತದ, ತೂತು ಇರ್ತಾವ ಅಂತ ಬ್ಯಾರೆ ಹೇಳಬೇಕಾಗಿಲ್ಲ. ಮೈಸೂರು, ಮಂಗಳೂರು ಕಡಿಯವರಿಗೂ ಈ ಮಾತು ತಿಳೀತದೇನು, ಇಲ್ಲಾ ಬೈಂಡ್ ಪ್ರತಿ ಅಂದ್ರೇ ಛಲೋನ? ಇದು ನನ್ನ ಎರಡನೇ ಪ್ರಶ್ನಿ ಅಂತ ತಿಳೀರಿ.

ಉಳಿದ ಕಾಲಮ್ಮಿಗೆ ಏನು ಬರದೀವಿ ಅಂತ ಹೇಳ್ತೀನಿ, ತಪ್ಪು ಕಂಡ್ರ ತಿದ್ರಿ. ಸ್ಪೈನಿಗೆ ಬೆನ್ನು. ಬೆನ್ನ ಮ್ಯಾಲ ಸಣ್ಣ ಸಣ್ಣ ಅಡ್ಡ ಮಡಿಕಿ ಬೀಳ್ತಾವಲ್ಲ, ಅದಕ್ಕ ಬೆನ್ನಗೀರು. ಸ್ಟೇಪಲ್ಲಿಗೆ ಪಿನ್ನು, ತುಕ್ಕು ಹಿಡದಿದ್ರ ಪಿನ್ನಿಗೆ ಜಂಗು. ಬಾಡಿಗಿ ಲೈಬ್ರರಿಯವರ ಮುದ್ರಿ ಬಿದ್ದಿದ್ರ ಸಿಕ್ಕಾ ಅದ ಅಂತ. ಮೂಲಿ ಮಡಚಿದ್ದು, ಹೆಸರು ಬರದದ್ದು, ಟೇಪು ಹಚ್ಚಿದ್ದು, ಇವು ಹಂಗೇ. ಟೇಪಿನ ಬಗ್ಗೆ ಒಂದು ಮಾತು, ಅದನ್ನ ರಿಸ್ಟೋರೇಶನ್ ಅಂತ ಹಿಡಿಯಲ್ಲ, ಬರೇ ದೋಷ ಅಂತ ಹಿಡಿದು ಗ್ರೇಡ್ ಇಳಸ್ತಾರ, ಯಾಕಂದ್ರ ಅದರ ಅಂಟು ವರ್ಷ ಕಳದಂಗ ಕಂದು ಕಲಿ ಆಗಿ ಕಾಗದದೊಳಗ ಇಳೀತದ. ಮನ್ಯಾಗ ಯಾರರೆ ಹಳೇ ಪುಸ್ತಕಕ್ಕ ಟೇಪು ಹಚ್ಚಬೇಕಂತ ಕುಂತಿದ್ರ ಈಗೇ ತಡೀರಿ.

ಗ್ರೇಡಿಗೆ ದರ್ಜೆ ಅನ್ನೋಣು ಅಂತ ಶುರುವಿಗೆ ಅನಿಸಿತ್ತು. ನಿಜಾಮರ ಕಾಲದ ಅವ್ವಲ್, ದೋಯಂ, ಸೋಯಂ ಅನ್ನೋ ಮೂರು ಮೆಟ್ಟಲು ಇಲ್ಲಿ ಹಿರೇರಿಗೆ ಗೊತ್ತು, ಅವ್ವಲ್ ತಾಲೂಕದಾರ, ದೋಯಂ ತಾಲೂಕದಾರ ಅಂತ ಹುದ್ದಿನೇ ಇದ್ವು. ಆದ್ರ ಕಾಮಿಕ್ಸಿಗೆ ಮೂರು ಮೆಟ್ಟಲು ಸಾಲಲ್ಲ, ಸಿಜಿಸಿಯವರದು 25 ಅವ. ಕಲಬುರಗಿ ಗಂಜಿನಾಗ, ಅಂದ್ರ ಕಾಳು ಕಡಿ ಮಾರೋ ಪ್ಯಾಟಿಯಾಗ, ತೊಗರಿ ಬ್ಯಾಳಿಗೆ ಫಟಕಾ, ಸವಾ ನಂಬರ್ ಅಂತ ಹೆಸರು ನಡೀತಾವ, ಗ್ರೇಡ್ ಅನ್ನೋ ಮಾತೂ ಅಲ್ಲಿ ದಿನಾ ಕಿವಿಗೆ ಬೀಳ್ತದ. ಹಂಗಾಗಿ ಗ್ರೇಡ್ ಅಂತನೇ ಬಿಟ್ಟೀವಿ, ಅದು ಈಗ ನಮ್ಮದೇ ಪದ.

ಗ್ರೇಡ್ ಆದ ಪುಸ್ತಕ ಸೀಲ್ ಮಾಡೋ ಆ ಪ್ಲಾಸ್ಟಿಕ್ ಡಬ್ಬಿಗೆ ಇಂಗ್ಲಿಷಿನಾಗ ಸ್ಲ್ಯಾಬ್ ಅಂತಾರ, ಆ ಪದ ಮಾತ್ರ ನಡಿಯಲ್ಲ. ಗ್ರೇಡ್ ಆದ ನಾಣ್ಯ ಕೂಡಿಸೋವರು ಮೊದಲು ಆ ಪದ ಬಳಸಿದ್ರು, ಅವರಿಂದ ಕಾಮಿಕ್ಸಿಗೆ ಬಂತು. ನಮ್ಮಲ್ಲಿ ಸ್ಲ್ಯಾಬ್ ಹಾಕ್ಸೀನಿ ಅಂದ್ರ ಮನಿ ಮ್ಯಾಲ ಕಾಂಕ್ರೀಟ್ ಮಾಳಗಿ ಹಾಕಿಸಿದ್ದು ಅಂತನೇ ಅರ್ಥ. ಸೀಲ್ ಡಬ್ಬಿ ಅಂತ ಬರದೀವಿ. ಇದಕ್ಕೂ ಬ್ಯಾರೆ ಛಲೋ ಪದ ಇದ್ರ ಹೇಳ್ರಿ.

ಹೂಡಿಕೆ ಅನ್ನೋ ಪದ ಫಾರ್ಮಿನಾಗ ಎಲ್ಲೂ ಬರಬಾರ್ದು ಅಂತ ನಾನೇ ಹಟ ಹಿಡದೀನಿ. "ಮುಂದ ರೇಟು ಏರ್ತದ" ಅನ್ನೋದು ಪುಸ್ತಕದ ಸ್ಥಿತಿ ಅಲ್ಲ. 2020, 21ರಾಗ ಅಮೆರಿಕದಾಗ ಗ್ರೇಡ್ ಆದ ಕಾಮಿಕ್ಸಿನ ರೇಟು ಹುಚ್ಚು ಹಿಡದಂಗ ಏರಿದ್ವು, 22ರಿಂದ ಭಾಳಷ್ಟು ಸಂಚಿಕಿ ಇಳದ್ವು. ರೊಕ್ಕ ಹಾಕೋರು ಹಾಕ್ಲಿ, ಅದು ಅವರಿಷ್ಟ, ಆದ್ರ ಹಳೇದು ಅಂದಕೂಡ್ಲೇ ಬೆಲಿ ಬರ್ತದ ಅಂತ ಮಂದಿ ತಿಳ್ಕೊಂಡಾರ, ಅದು ಖರೆ ಅಲ್ಲ. ಅಮರ ಚಿತ್ರ ಕಥೆದ್ದು ಎಷ್ಟೋ ಸಲ ಮರುಮುದ್ರಣ ಆಗ್ಯಾವ, ಹಳೇದಾಗಿ ಕಾಣೋದೆಲ್ಲಾ ಮೊದಲ ಮುದ್ರಣ ಅಲ್ಲ, ಹಿಂದಿನ ಕವರಿನ ಜಾಹೀರಾತು, ರೇಟು, ಸಂಚಿಕಿ ಪಟ್ಟಿಯಾಗಿನ ಕಡೀ ನಂಬರ್ ನೋಡಿ ಗುರ್ತು ಹಿಡೀಬೇಕು.

ಈಗ ಮತ್ತ ಆ ಖಾಲಿ ಕಾಲಮ್ಮಿಗೆ. ನನ್ನ ಮನಸಿನಾಗ ಎರಡು ಪದ ಅವ. ಒಂದು "ತ್ಯಾಪಿ ಹಚ್ಚಿದ್ದು". ಬಟ್ಟಿಗೆ ತ್ಯಾಪಿ ಹಚ್ಚತೀವಲ್ಲ, ಬ್ಯಾರೆ ತುಂಡು ಸೇರ್ಯದ ಅಂತ ಮುಚ್ಚುಮರಿ ಇಲ್ದೆ ಹೇಳ್ತದ. ಆದ್ರ ಬಣ್ಣ ಹಚ್ಚಿದ್ದಕ್ಕ ತ್ಯಾಪಿ ಅನ್ನಲಿಕ್ಕ ಬರಲ್ಲ. ಇನ್ನೊಂದು "ಕೈ ಹಚ್ಚಿದ್ದು". ಇದು ಎಲ್ಲಾನೂ ಒಳಗ ತಗೋತದ, ಆದ್ರ ಕೇಳಿದಾಗ ಸ್ವಲ್ಪ ಕಳ್ಳತನದ ವಾಸನಿ ಬರ್ತದ, ಬೀದರದ ಅಣ್ಣಾರಂಥವರಿಗೆ ಅದನ್ನ ಹ್ಯಾಂಗ ಅನ್ನೋದು? ಹಂಗಾಗಿ ಸದ್ಯಕ್ಕ ನಾಮಪದ ಬಿಟ್ಟು ಪೂರಾ ಮಾತೇ ಬರೀಲಾಕತ್ತೀವಿ, "ಕವರಿನ ಬೆನ್ನಿಗೆ ಬಣ್ಣ ಹಚ್ಚ್ಯಾರ", "ಎಡಗಡಿ ಕೆಳಗಿನ ಮೂಲಿಗೆ ಕಾಗದ ಕೂಡಿಸ್ಯಾರ" ಅಂತ. ಓದಿದವರಿಗೆ ಏನಾಗ್ಯದ ಅಂತ ಇದಕ್ಕಿಂತ ಸಾಫ್ ಯಾವ ಪದನೂ ಹೇಳಲ್ಲ, ಖರೆ. ಆದ್ರೂ ಕಾಲಮ್ಮಿನ ತಲಿಗೆ ಒಂದು ಹೆಸರು ಬೇಕು.

ಹಸ್ತಪ್ರತಿ, ತಾಳೆಗರಿ ಕೆಲಸ ಮಾಡೋವರು ಇಲ್ಲಿ ಇದ್ದೀರಿ ಅಂತ ಗೊತ್ತು. ನಿಮ್ಮ ಸೂಚಿಗಳಾಗ ಸಮಗ್ರ, ಅಸಮಗ್ರ, ಶಿಥಿಲ, ತ್ರುಟಿತ ಅಂತ ಎಷ್ಟು ಅಚ್ಚುಕಟ್ಟಾಗಿ ಬರೀತೀರಿ, ಅಸಮಗ್ರ ಅನ್ನೋದು ನಾವು ಹಾಳಿ ಕಮ್ಮಿ ಇರೋ ಪ್ರತಿಗೆ ಈಗಾಗ್ಲೇ ತಗೊಂಡೀವಿ. ಹಿಂದಿನವರು ಗರಿ ಮುರದಲ್ಲಿ ಬ್ಯಾರೆ ಗರಿ ಸೇರಿಸಿದ್ರ, ಅಳಿಸಿದ ಅಕ್ಷರದ ಮ್ಯಾಲ ಮತ್ತ ಬರದಿದ್ರ ಅದನ್ನ ನೀವು ಸೂಚಿಯಾಗ ಯಾವ ಪದದಿಂದ ಗುರ್ತಿಸ್ತೀರಿ? ಹಂಗೇ ಆಳಂದ, ಭಾಲ್ಕಿ, ಸುರಪುರ ಕಡಿ ಹಳೇ ಜಿಲ್ದ್ ಕಟ್ಟೋ ಮಂದಿ ಯಾರರೆ ನಿಮಗ ಗೊತ್ತಿದ್ರ, ಅಂಚು ಕತ್ತರಿಸಿ ಸಮಾ ಮಾಡೋ ಕೆಲಸಕ್ಕ ಅವರು ತಮ್ಮೊಳಗ ಏನಂತಾರ ಅಂತ ಕೇಳಿ ಹೇಳ್ರಿ, ಫಾರ್ಮು ಇನ್ನೂ ಛಾಪಿಗೆ ಕೊಟ್ಟಿಲ್ಲ.